ಕತ್ತರಿ ಪ್ರಯೋಗ

ಡಿಸೆಂಬರ್ ಅರ್ಧ ಕಳೆಯುವಷ್ಟರಲ್ಲಿ ನಮ್ಮ ಮನೆಯ ಕತ್ತರಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಹಾಲಿನ ತೊಟ್ಟೆ ಕತ್ತರಿಸುವುದು ಅಡುಗೆಮನೆಯದ್ದು, ರವಕೆಯ ಹೊಲಿಗೆ ಬಿಚ್ಚುವುದು ನನ್ನದು, ಮೀಸೆ ತಿದ್ದುವುದು ಇವರದ್ದು ಎಂದು ಖಾತೆ ಹಂಚಿಕೆಯಾಗಿರುತ್ತದೆ. ಆ ಎಲ್ಲ ಖಾತೆಗಳನ್ನೂ ಮಕ್ಕಳು ತಮ್ಮ ಬಳಿಯೇ ಇಟ್ಟುಕೊಂಡರೆಂದರೆ ಕ್ರಿಸ್‌ಮಸ್ ರಜೆ ಶುರುವಾಯಿತೆಂದು ತಿಳಿಯಬೇಕು. ಅಸಲಿಗೆ ಆ ರಜೆಯೇ ಒಂದು ಕತ್ತರಿ-ಅಂಟಿನ ಕಸುಬು. ಮಕ್ಕಳು ಓದುವ ಶಾಲೆಯಲ್ಲಿ ದಸರಾ ರಜೆಯ ಬಾಲವನ್ನು ಕತ್ತರಿಸಿ ತಂದು ಡಿಸೆಂಬರಿಗೆ ಅಂಟಿಸುತ್ತಾರೆ. ಅಷ್ಟು ದೊಡ್ಡವರೇ ಹೀಗೆ ಮಾಡುವಾಗ ಮಕ್ಕಳನ್ನು ಅಂದು ಏನು ಪ್ರಯೋಜನ?

ನಾವು ಕ್ರೈಸ್ತರಲ್ಲ. ಆದರೆ ಮಂಗಳೂರಿನಲ್ಲಿ ಹಬ್ಬಗಳಿಗೆ ಗಡಿ ಎಂದರೆ ಕಾಂಪೌಂಡು ಗೋಡೆ ಮಾತ್ರ. ಅದೂ ತಟ್ಟೆ ದಾಟಿಸುವಷ್ಟು ತಗ್ಗಿನದ್ದು. ಚೌತಿಗೆ ನಮ್ಮ ಕಡೆಯಿಂದ ಹೋದ ತಟ್ಟೆ ಡಿಸೆಂಬರಿನಲ್ಲಿ ಪಕ್ಕದ ಮನೆಯ ಬಾಯಮ್ಮನ ಕುಸ್ವಾರ್ ಹೊತ್ತುಕೊಂಡು ವಾಪಸಾಗುತ್ತದೆ. ಅದರಲ್ಲಿ ಕಿಡಿಯೊ, ನೆವ್ರಿ, ಗುಳಿಯೊ, ರೋಸ್ ಕುಕ್ಕೀಸ್ ಎಲ್ಲ ಇರುತ್ತವೆ. ತಟ್ಟೆ ತರಲು ಹೋದ ಮಕ್ಕಳು ತಿಂಡಿಯ ಜತೆ ಬೇಡಿಕೆಯೊಂದನ್ನೂ ಹೊತ್ತು ತಂದರು. ಬಾಯಮ್ಮನ ಮನೆಯಲ್ಲಿ ಗೋದಲಿ ಕಟ್ಟುತ್ತಿದ್ದಾರೆ, ತೆಂಗಿನ ಗೆರಟೆಯಲ್ಲಿ ಬಿತ್ತಿದ ಭತ್ತ ಹಸಿರಾಗಿ ಮೇಲೆದ್ದಿದೆ, ನಕ್ಷತ್ರ ತೂಗುಹಾಕಿದ್ದಾರೆ, ನಮ್ಮಲ್ಲಿ ಮಾತ್ರ ಎಂತದ್ದೂ ಇಲ್ಲ! ನಕ್ಷತ್ರ ನಮಗೆ ಹೊಸ ವಿದ್ಯೆಯೇನಲ್ಲ. ದೀಪಾವಳಿಗೆ ಗೂಡುದೀಪ ಕಟ್ಟಿದ ಮನೆ ಇದು. ಅದೇ ಬಿದಿರಿನ ಕಡ್ಡಿ, ಅದೇ ನೂಲು, ಅದೇ ಬಣ್ಣದ ಕಾಗದ, ಒಳಗೆ ಅದೇ ಬಲ್ಬು. ಮೂಲೆಗಳ ಲೆಕ್ಕ ಬದಲಾಗುತ್ತದೆ, ಅಷ್ಟೆ. ಆದರೆ ಮಕ್ಕಳಿಗೆ ಅಟ್ಟದಿಂದ ಇಳಿಸಿದ್ದು ಬೇಡ, ಮೊಬೈಲಿನಿಂದ ಇಳಿಸಿದ್ದೇ ಬೇಕು.

ಮೊಬೈಲಿನಲ್ಲಿ ಎಲ್ಲವೂ ಸುಲಭ. ನಗುನಗುತ್ತ ಒಬ್ಬಾಕೆ ಬಂದು, ಮನೆಯಲ್ಲಿ ಇರುವ ವಸ್ತುಗಳಿಂದಲೇ ಐದು ನಿಮಿಷದಲ್ಲಿ ಸಾಂತಾಕ್ಲಾಸ್ ಮಾಡಿ ತೋರಿಸುತ್ತಾಳೆ. ಆಕೆಯ ಮನೆಯಲ್ಲಿ ಇರುವ ವಸ್ತುಗಳೆಂದರೆ ಟಾಯ್ಲೆಟ್ ಪೇಪರಿನ ಖಾಲಿ ಸುರುಳಿ, ಮೊಟ್ಟೆಯ ರಟ್ಟಿನ ಪೆಟ್ಟಿಗೆ, ಮೈತುಂಬ ಜುಂಗಿರುವ ಬಣ್ಣದ ತಂತಿ. ನಮ್ಮ ಮನೆಯಲ್ಲಿ ಬಿಂದಿಗೆ-ಚೆಂಬಿನ ಸಂಪ್ರದಾಯ. ಮೊಟ್ಟೆ ಹೊಸ್ತಿಲು ದಾಟುವುದಿಲ್ಲ. ತಂತಿ ಎಂದರೆ ಬಟ್ಟೆ ಒಣಗಿಸುವುದು. ಹಾಗಾಗಿ ಸಾಂತಾಕ್ಲಾಸ್ ಊದುಬತ್ತಿಯ ಪೆಟ್ಟಿಗೆಯಿಂದ ಹುಟ್ಟಬೇಕಾಯಿತು. ಸಣಕಲು ದೇಹ, ಉದ್ದ ಮುಖ, ಮೈತುಂಬ ಮೈಸೂರು ಮಲ್ಲಿಗೆಯ ಪರಿಮಳ. ಗಡ್ಡಕ್ಕೆ ಅತ್ತೆಯವರ ದೇವರ ಕೋಣೆಯಿಂದ ಹತ್ತಿ ಬಂತು. ಟೊಪ್ಪಿಯ ತುದಿಯ ಬಿಳಿ ಗೊಂಡೆಗೆ ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿರುವಾಗ ಮಗಳು ಒಂದು ಹೂಬತ್ತಿಯನ್ನು ತಂದು ಸೊಟ್ಟಗೆ ಅಂಟಿಸಿಬಿಟ್ಟಳು. ಕೆಳಗೆ ಗುಂಡಗೆ, ಮೇಲೆ ಸಣ್ಣ ಜುಟ್ಟು. ಅಳತೆ ಕೊಟ್ಟು ಮಾಡಿಸಿದರೂ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅತ್ತೆ ಬತ್ತಿಯ ಡಬ್ಬಿಯನ್ನು ಬೋರಲು ಹಾಕಿ ನೋಡಿದರು. ಆಮೇಲೆ ಸಾಂತಾಕ್ಲಾಸನನ್ನು ನೋಡಿದರು. “ಇವನು ಉಡುಗೊರೆ ಕೊಡುವವನು ಅಂತಲ್ವಾ ಹೇಳಿದ್ದು? ಇಲ್ಲಿಂದ ಹೊತ್ಕೊಂಡು ಹೋಗುವವನ ಹಾಗೆ ಕಾಣ್ತದೆ” ಅಂದರು.

ಕೆಂಪು ಕಾಗದದ ಸಮಸ್ಯೆಯನ್ನು ಊರಿನ ಮದುವೆಗಳು ಪರಿಹರಿಸಿದವು. ಕಪಾಟಿನ ಮೇಲೆ ವರ್ಷಗಳಿಂದ ಪೇರಿಸಿಟ್ಟ ಮದುವೆ ಕಾಗದಗಳಿದ್ದವು. ಕೆಂಪು, ಮರೂನು, ಬಂಗಾರದ ಅಂಚು, ಮುಟ್ಟಿದರೆ ರೇಷ್ಮೆ. ಕ್ರಿಸ್‌ಮಸ್‌ಗೆಂದೇ ಅಚ್ಚು ಹಾಕಿಸಿದ್ದಾರೋ ಎಂಬ ಹಾಗಿದ್ದವು. ತೊಡಕು ಒಂದೇ: ಪ್ರತಿ ಕಾಗದದ ನೆತ್ತಿಯಲ್ಲೂ ಗಣಪತಿ. “ದೇವರಿಗೆ ಕತ್ತರಿ ತಾಗಿಸಿದ್ರೆ ನೋಡಿ ಮತ್ತೆ!” ಎಂದು ಅತ್ತೆ ಕಟ್ಟಪ್ಪಣೆ ಹೊರಡಿಸಿದರು. ಸರಿ, ಮೊದಲು ಗಣಪತಿಯನ್ನು ಸುತ್ತಲಿನಿಂದ ಗುಂಡಗೆ ಬಿಡಿಸಿ ತೆಗೆದು ತಟ್ಟೆಯಲ್ಲಿ ಇಡುವುದು, ಆಮೇಲೆ ಉಳಿದ ಮದುಮಕ್ಕಳಿಗೆ ಕತ್ತರಿ ಹಾಕುವುದು ಎಂದು ಕಾನೂನಾಯಿತು. ಸಂಜೆಯಾಗುವಾಗ ತಟ್ಟೆಯ ತುಂಬ ಗಣಪತಿಗಳು ರಾಶಿಬಿದ್ದರು. ಎಡಕ್ಕೆ ಸೊಂಡಿಲು, ಬಲಕ್ಕೆ ಸೊಂಡಿಲು, ಬರೇ ಗೆರೆಯಲ್ಲಿ ಬರೆದವ, ಎಲೆಯ ರೂಪದಲ್ಲಿ ಅವತರಿಸಿದವ. ನಕ್ಷತ್ರಗಳ ಬೆನ್ನಲ್ಲಿ ಮಾತ್ರ ‘ಅಭಿಜಿನ್ ಲಗ್ನ ಸುಮುಹೂರ್ತ’, ‘ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ’ ಎಂಬ ಸಾಲುಗಳು ಉಳಿದುಕೊಂಡವು. ಎರಡನೆಯದ್ದು ಸಾಂತಾಕ್ಲಾಸನ ತಲೆಯ ಮೇಲೆಯೇ ತೂಗುತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ಮಕ್ಕಳ ಮಟ್ಟದಲ್ಲೇ ಇತ್ತು. ಅಷ್ಟರಲ್ಲಿ ಇವರು ಕಾಲೇಜಿನಿಂದ ಬಂದರು. ಇವರು ಗಣಿತದ ಮೇಷ್ಟ್ರು. ಮಗ ಕಾಗದವನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೊಮ್ಮೆ ಅರ್ಧಕ್ಕೆ ಮಡಚಿ, ಅಲ್ಲಲ್ಲಿ ಕಚ್ಚು ಹಾಕಿ ಬಿಡಿಸಿದ್ದ. ಚೆಂದದ ಹಿಮದ ಹೂವು. ಇವರು ಚಪ್ಪಲಿಯನ್ನೂ ಕಳಚದೆ ಮೂಲೆಗಳನ್ನು ಎಣಿಸಿದರು.

“ಎಂಟು! ಎಂಟು ಮೂಲೆಯ ಹಿಮ ಈ ಭೂಮಿಯ ಮೇಲೆ ಬಿದ್ದದ್ದೇ ಇಲ್ಲ ಮಾರಾಯ. ಹಿಮಕ್ಕೆ ಯಾವಾಗಲೂ ಆರೇ.”

“ಮಂಗಳೂರಿನಲ್ಲಿ ಆರು ಮೂಲೆಯದ್ದಾದ್ರೂ ಯಾವಾಗ ಬಿದ್ದದ್ದು ಅಪ್ಪ?” ಅಂದ ಮಗ.

ಅದು ಪ್ರಶ್ನೆಯೇ ಅಲ್ಲವೆಂಬಂತೆ ಇವರು ಕಾಗದ ಎಳೆದುಕೊಂಡು ಕೂತರು. 1611ರಲ್ಲಿ ಕೆಪ್ಲರ್ ಎಂಬ ಮಹಾನುಭಾವ, ಗ್ರಹಗಳು ಸುತ್ತುವ ದಾರಿಯನ್ನು ಲೆಕ್ಕ ಹಾಕಿದವನೇ, ಹಿಮದ ಹರಳಿಗೆ ಐದೋ ಏಳೋ ಅಲ್ಲದೆ ಆರೇ ಮೂಲೆ ಯಾಕೆ ಎಂದು ತಲೆಕೆಡಿಸಿಕೊಂಡು ಒಂದು ಪುಟ್ಟ ಪುಸ್ತಕ ಬರೆದನಂತೆ. ಅದನ್ನು ತನ್ನ ಆಶ್ರಯದಾತನಿಗೆ ಹೊಸವರ್ಷದ ಉಡುಗೊರೆಯೆಂದು ಕೊಟ್ಟನಂತೆ. ಒಂದು ಕ್ಯಾಲೆಂಡರು ಕೊಟ್ಟಿದ್ದರೆ ಆಗುತ್ತಿತ್ತು ಎಂದು ನನಗನ್ನಿಸಿತು. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರಾರಾಗಿ ಉಂಗುರ ಕಟ್ಟಿಕೊಳ್ಳುವುದರಿಂದ ಹೀಗೆ ಎಂದು ತಿಳಿಯಲು ಜಗತ್ತು ಮುಂದೆ ಮುನ್ನೂರು ವರ್ಷ ಕಾಯಬೇಕಾಯಿತಂತೆ. ನಮ್ಮ ಮಕ್ಕಳು ಮೂರು ನಿಮಿಷವೂ ಕಾಯಲಿಲ್ಲ. ಇವರು ಕಾಗದವನ್ನು ಒಮ್ಮೆ ಅರ್ಧಕ್ಕೆ ಮಡಚಿ, ನಡುವಿನ ಬಿಂದುವಿನಿಂದ ಅರುವತ್ತು ಅರುವತ್ತು ಡಿಗ್ರಿಯ ಮೂರು ಪಾಲು ಮಾಡಿ, ಶಾಸ್ತ್ರೋಕ್ತವಾದ ಆರು ಮೂಲೆಯ ಹಿಮವನ್ನು ಬಿಡಿಸಿ ಎತ್ತಿ ಹಿಡಿಯುವಾಗ ಎದುರಿಗೆ ಯಾರೂ ಇರಲಿಲ್ಲ. ಒಬ್ಬ ಕಿಟಕಿಯ ಸರಳಿಗೆ ಎಂಟು ಮೂಲೆಯದ್ದನ್ನು ಕಟ್ಟುತ್ತಿದ್ದ. ಇನ್ನೊಬ್ಬಳು ಅಂಗೈಗೆ ಫೆವಿಕಾಲ್ ಬಳಿದುಕೊಂಡು, ಊದಿ ಒಣಗಿಸಿ, ಹಾವು ಪೊರೆ ಬಿಟ್ಟಂತೆ ಅದನ್ನು ನಿಧಾನಕ್ಕೆ ಸುಲಿಯುತ್ತಿದ್ದಳು. ಸುಲಿದ ಪೊರೆಯಲ್ಲಿ ಅಂಗೈಯ ಗೆರೆಗಳೆಲ್ಲ ಅಚ್ಚಾಗಿದ್ದವು. ಅದನ್ನು ಬೆಳಕಿಗೆ ಹಿಡಿದು ನೋಡುವ ಖುಷಿಯೆದುರು ಯಾವ ಹಿಮದ ಹೂವೂ ನಿಲ್ಲುವಂತಿರಲಿಲ್ಲ.

ಹಿಮಕ್ಕೂ ಮಂಗಳೂರಿಗೂ ಆಗಿಬರುವುದಿಲ್ಲ ಎಂಬುದು ಆಮೇಲೆ ಸಾಬೀತಾಯಿತು. ಡಿಸೆಂಬರ್ ಆದರೂ ಮಧ್ಯಾಹ್ನ ಇಲ್ಲಿ ಮೈಯೆಲ್ಲ ಒದ್ದೆ. ಫ್ಯಾನ್ ಹಾಕಿದರೆ ಹಿಮಪಾತ, ನಿಲ್ಲಿಸಿದರೆ ಬೆವರಿನ ಜಲಪಾತ. ಕೊನೆಗೆ ಫ್ಯಾನನ್ನು ಒಂದನೇ ನಂಬರಿನಲ್ಲಿ ಇಟ್ಟು, ಪ್ರತಿ ಹೂವಿನ ಮೇಲೂ ಒಂದೊಂದು ಸ್ಟೀಲ್ ಲೋಟ ಕವುಚಿ, ಮನೆಯಲ್ಲಿ ಕಾಫಿ ಕುಡಿಯಲು ಲೋಟವಿಲ್ಲದ ಸ್ಥಿತಿ ತಂದುಕೊಂಡೆವು.

ಇವರ ಉತ್ಸಾಹ ಇಳಿಯಲಿಲ್ಲ. ಎ4 ಹಾಳೆಯಿಂದ ಚೌಕ ತೆಗೆಯುವಾಗ ಉಳಿಯುವ ಪಟ್ಟಿಯನ್ನು ಬಿಸಾಡಬಾರದು ಎಂದರು. ಹಾಳೆ 210ಕ್ಕೆ 297 ಮಿಲಿಮೀಟರು. ಚೌಕ ಹೋದರೆ 87 ಉಳಿಯಿತು. ಅದನ್ನು ಮೂರಾಗಿ ಸೀಳಿದರೆ ಸರಪಳಿಗೆ ಮೂರು ಕೊಂಡಿ. ಹೀಗೆ ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಕಟ್ಟುವ ಸರಪಳಿಯೇ ಬಣ್ಣ ಬದಲಿಸಿಕೊಂಡು ನಮ್ಮ ಹಜಾರಕ್ಕೆ ಬಂತು. ಹಸಿರು ಚಾರ್ಟಿನಲ್ಲಿ ಅರ್ಧವೃತ್ತ ಕತ್ತರಿಸಿ ಸುತ್ತಿದರೆ ಕ್ರಿಸ್‌ಮಸ್ ಮರ. ಆ ಮರದ ಬುಡದ ಅಗಲವೂ ಓರೆಯ ಉದ್ದವೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದೆ ಒಂದೇ ಬರುತ್ತದೆಂದು ಇವರು ಸ್ಕೇಲು ಹಿಡಿದು ತೋರಿಸುವಾಗ, ಮಗಳು ಅದೇ ಮರವನ್ನು ತಲೆಗಿಟ್ಟುಕೊಂಡು ಹುಟ್ಟುಹಬ್ಬದ ಟೊಪ್ಪಿಯೆಂದು ಕುಣಿದಳು. ಕಾಗದ ಮಡಚುವುದೆಂದರೆ ಮಕ್ಕಳಾಟ ಅಂದುಕೊಳ್ಳಬೇಡ ಎಂದು ಇವರು ನನಗೆ ಪಾಠ ಶುರುಮಾಡಿದರು. 1893ರಲ್ಲಿ ಮದ್ರಾಸಿನಲ್ಲಿ ಟಿ. ಸುಂದರ ರಾವ್ ಎಂಬವರು ಕಾಗದ ಮಡಚಿಯೇ ರೇಖಾಗಣಿತ ಕಲಿಸುವ ಪುಸ್ತಕ ಪ್ರಕಟಿಸಿದರಂತೆ. ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಓದಿ ತನ್ನ ಪುಸ್ತಕದಲ್ಲಿ ಹೆಸರಿಸಿದನಂತೆ. ಆ ಸುಂದರ ರಾಯರಿಗೆ ಇದು ಹೊಳೆದದ್ದು ಎಲ್ಲಿಂದ? ಕಿಂಡರ್‌ಗಾರ್ಟನ್ ಮಕ್ಕಳ ಕಾಗದದಾಟದಿಂದ! “ನೋಡಿ, ಮಕ್ಕಳಾಟವೇ ಅಲ್ವಾ ಹಾಗಾದ್ರೆ?” ಎಂದೆ. ಇವರು ಅಂಟು ಕಲಸಲು ಒಳಗೆ ಹೋದರು.

ಶುಭಾಶಯ ಪತ್ರದ ಖಾತೆಯನ್ನು ಮಗ ವಹಿಸಿಕೊಂಡ. ಕ್ರಿಸ್‌ಮಸ್ ಕಾರ್ಡು ಹುಟ್ಟಿದ್ದೂ ಒಂದು ರೀತಿಯ ಸೋಮಾರಿತನದಿಂದಲೇ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತನಿಗೆ ಸ್ನೇಹಿತರಿಗೆಲ್ಲ ಕಾಗದ ಬರೆಯುವಷ್ಟು ಪುರುಸೊತ್ತಿರಲಿಲ್ಲ. ಚಿತ್ರಕಾರನೊಬ್ಬನಿಂದ ಚಿತ್ರ ಬರೆಸಿ, ಅಚ್ಚು ಹಾಕಿಸಿ, ಎಲ್ಲರಿಗೂ ಒಂದೇ ಹಂಚಿದ. ಅದೇ 1843ರ ಜುಲೈಯಲ್ಲಿ ನಮ್ಮ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ್ದರು, ಕನ್ನಡದ ಮೊದಲ ಪತ್ರಿಕೆ. ಇದು ಮಗನ ರಸಪ್ರಶ್ನೆಯ ಪುಸ್ತಕದಲ್ಲಿತ್ತು. ಕಾರ್ಡನ್ನೂ ಪತ್ರಿಕೆಯನ್ನೂ ಒಟ್ಟು ಮಾಡಿ ಅವನು ಬಾಯಮ್ಮನಿಗೆ ಒಂದು ವಿಶೇಷ ಸಂಚಿಕೆ ತಂದ. ಮುಖಪುಟದಲ್ಲಿ ದಪ್ಪಕ್ಷರದ ಸುದ್ದಿ: ‘ಬೆತ್ಲೆಹೇಮಿನಲ್ಲಿ ಗಂಡುಮಗು. ತಾಯಿ, ಮಗು ಕ್ಷೇಮ.’ ಕೆಳಗೆ ಸ್ಥಳೀಯ ವಾರ್ತೆ: ‘ಅಜ್ಜಿಯ ಹತ್ತಿ ಕಳವು. ಗಡ್ಡಧಾರಿಯ ಮೇಲೆ ಶಂಕೆ.’ ಹವಾಮಾನ: ‘ಹಜಾರದಲ್ಲಿ ಎಂಟು ಮೂಲೆಯ ಹಿಮ ಬೀಳುವ ಸಂಭವ.’

ಮಗಳು ಬಾಯಮ್ಮನ ಗೋದಲಿಗೆಂದು ಪ್ರಾಣಿಗಳನ್ನು ಮಾಡಿದ್ದಳು. ದನ ಆಯಿತು, ಕುರಿ ಆಯಿತು, ಕತ್ತೆ ಉಳಿದಿತ್ತು. ಆದರೆ ಹಳದಿ ಕಾಗದ ಬಹಳ ಮಿಕ್ಕಿತ್ತಾದ್ದರಿಂದ ಅದು ಹುಲಿಯಾಯಿತು. ನವರಾತ್ರಿಯ ಹುಲಿವೇಷ ನೋಡಿ ಬೆಳೆದ ಮಗುವಿನ ಹುಲಿ. ಎರಡು ಕಾಲಿನ ಮೇಲೆ ನಿಂತು, ಸೊಂಟ ಬಳುಕಿಸಿ, ತಾಸೆಯ ಪೆಟ್ಟಿಗೆ ಕಾಯುತ್ತಿತ್ತು. ಬೆತ್ಲೆಹೇಮಿನ ಹಟ್ಟಿಯಲ್ಲಿ ಹುಲಿ ಇರಲಿಲ್ಲ ಮಗಾ ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. ಬಾಯಮ್ಮ ನನ್ನನ್ನೇ ಗದರಿದರು. “ಇರ್ಲಿ ಬಿಡಿ ನೀವು. ಆ ದಿನ ಹುಲಿಗೂ ರಜೆ ಇತ್ತು” ಎಂದು ಅದನ್ನು ಕುರಿಮರಿಯ ಪಕ್ಕದಲ್ಲೇ, ಭತ್ತದ ಸಸಿಗಳ ನಡುವೆ ನಿಲ್ಲಿಸಿದರು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸ್ ಗೋದಲಿ ಮಾಡಿಸಿದಾಗ ನಿಜವಾದ ಎತ್ತು, ಕತ್ತೆಗಳನ್ನೇ ತಂದು ಕಟ್ಟಿದ್ದರಂತೆ. ಎಂಟುನೂರು ವರ್ಷಗಳಲ್ಲಿ ಅದು ಮಂಗಳೂರಿಗೆ ಬಂದು ಮುಟ್ಟುವಾಗ ದಾರಿಯಲ್ಲಿ ಒಂದು ಹುಲಿ ಸೇರಿಕೊಂಡರೆ ಹೆಚ್ಚೇನಾಯಿತು?

ಪೇಟೆಯಿಂದ ತಂದ ಪ್ಲಾಸ್ಟಿಕ್ಕಿನ ನಕ್ಷತ್ರವೂ ನಮ್ಮಲ್ಲಿ ಒಂದುಂಟು. ಗುಂಡಿ ಒತ್ತಿದರೆ ಏಳು ಬಗೆಯಲ್ಲಿ ಮಿನುಗುತ್ತದೆ, ಮಳೆಗೂ ಜಗ್ಗುವುದಿಲ್ಲ. ಅದಕ್ಕಿರುವ ಕುಂದೇ ಅದು: ಕೆಡುವುದಿಲ್ಲ. ಕೆಡದ್ದನ್ನು ಮತ್ತೆ ಮಾಡಬೇಕಿಲ್ಲ, ಮತ್ತೆ ಮಾಡದ್ದರ ಸುತ್ತ ಯಾರೂ ಕೂರುವುದಿಲ್ಲ, ಜಗಳಾಡುವುದಿಲ್ಲ. ಕಾಗದದ್ದು ಹಾಗಲ್ಲ. ಜನವರಿಯ ಹೊತ್ತಿಗೆ ಬಣ್ಣ ಮಾಸಿ, ಮೂಲೆ ಮುದುಡಿ, ಜಿರಳೆಗೆ ಅಂಟಿನ ರುಚಿ ಸಿಕ್ಕಿ, ಮುಂದಿನ ವರ್ಷಕ್ಕೆ ಒಂದೂ ಉಳಿಯುವುದಿಲ್ಲ. ಚೌತಿಯ ಮಣ್ಣಿನ ಗಣಪತಿಯಿಂದ ದೀಪಾವಳಿಯ ಗೂಡುದೀಪದವರೆಗೆ ನಮ್ಮ ಹಬ್ಬಗಳೆಲ್ಲ ಬಾಳಿಕೆ ಬಾರದ ವಸ್ತುಗಳನ್ನೇ ನಂಬಿ ಇಷ್ಟು ಕಾಲ ಬಾಳಿವೆ. ಹಾಗಾಗಿ ಕತ್ತರಿಸಿ ಅಂಟಿಸಿದ್ದನ್ನೆಲ್ಲ ಜೋಪಾನ ಮಾಡುವ ಗೋಜಿಗೆ ನಾನು ಹೋಗುವುದಿಲ್ಲ.

ಈ ನಿಯಮಕ್ಕೆ ಸದ್ಯ ಒಂದೇ ಅಪವಾದ. ಇವರು ಮೊರೇವಿಯನ್ ನಕ್ಷತ್ರ ಎಂಬುದನ್ನು ಕೈಗೆತ್ತಿಕೊಂಡಿದ್ದಾರೆ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ವಸತಿಶಾಲೆಯಲ್ಲಿ ಹುಡುಗರಿಗೆ ರೇಖಾಗಣಿತ ಕಲಿಸಲಿಕ್ಕೆಂದು ಹುಟ್ಟಿದ ನಕ್ಷತ್ರವದು. ಹದಿನೆಂಟು ಚೌಕ, ಎಂಟು ತ್ರಿಕೋನಗಳ ಒಂದು ಗಡ್ಡೆ. ಒಂದು ಚೌಕವನ್ನು ಬಲ್ಬಿಗೆ ಬಿಟ್ಟು ಉಳಿದ ಪ್ರತಿ ಮುಖಕ್ಕೂ ಒಂದೊಂದು ಕೊಂಬು. ಕ್ರಿಸ್‌ಮಸ್ ಹೋಯಿತು. ಮೂವರು ರಾಯರ ಹಬ್ಬ ಕಳೆದು ಬಾಯಮ್ಮನ ಗೋದಲಿಯೂ ಬಿಚ್ಚಿತು. ಇವರ ನಕ್ಷತ್ರ ಅರೆಕೊಂಬಿನಲ್ಲಿ ಫ್ರಿಜ್ಜಿನ ಮೇಲೆ ಕೂತಿದೆ. ಗುಜರಿಯವನು ಬಂದ ದಿನ ಅದನ್ನೂ ಚೀಲಕ್ಕೆ ಹಾಕಲು ಹೊರಟೆ. ಇವರು ಓಡಿಬಂದು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಇನ್ನು ಸ್ವಲ್ಪವೇ ಬಾಕಿ ಉಂಟು.”

“ಕ್ರಿಸ್‌ಮಸ್ ಮುಗಿಯಿತಲ್ಲ?” ಅಂದೆ.

ನನಗೆ ಉತ್ತರ ಬಂದದ್ದು ಮಗಳಿಂದ. ಹೋಮ್‌ವರ್ಕ್ ಪುಸ್ತಕದಿಂದ ತಲೆಯೆತ್ತಿ, ನಾನು ಅವಳಿಗೆ ದಿನಾ ಹೇಳುವ ಅದೇ ದನಿಯಲ್ಲಿ ಅಂದಳು: “ಇರ್ಲಿ ಅಮ್ಮ. ಅಪ್ಪ ಮುಗಿಸ್ಲಿ. ಮುಗಿಸುವವರೆಗೆ ಅವರಿಗೆ ಮೊಬೈಲ್ ಕೊಡ್ಬೇಡಿ.”