ಎಷ್ಟು ಕೊಟ್ರಿ?

ಹ್ಯೂಸ್ಟನ್ ಕಡೆಯ ನಮ್ಮ ಕ್ಲಿಯರ್ ಲೇಕಿನ ರಾಯರಿಗೆ ನಮಸ್ಕಾರ ಹೇಳುವ ಅಭ್ಯಾಸವಿಲ್ಲ. ಅವರ ಕಣ್ಣು ಮೊದಲು ನಿಮ್ಮ ಬೂಟಿಗೆ ಬೀಳುತ್ತದೆ, ಅಲ್ಲಿಂದ ಬೆಲ್ಟಿಗೆ ಏರುತ್ತದೆ, ಕೈಗಡಿಯಾರದ ಹತ್ತಿರ ಬಂದು ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಆಮೇಲೆ ಪ್ರಶ್ನೆ: "ಎಷ್ಟು ಕೊಟ್ರಿ?"

ನೀವು ಎಷ್ಟು ಹೇಳಿದರೂ ಅದು ಜಾಸ್ತಿಯೇ. ನಿಜ ಹೇಳಿದರೆ "ಛೆ ಛೆ, ಟೋಪಿ ಹಾಕಿಬಿಟ್ಟಿದ್ದಾನಲ್ರೀ" ಎನ್ನುತ್ತಾರೆ. ಜಾಣತನ ಮಾಡಿ ಅರ್ಧ ಬೆಲೆ ಹೇಳಿದರೆ "ನನ್ನನ್ನೊಂದು ಮಾತು ಕೇಳಬಾರದಿತ್ತೇ?" ಎಂದು ನೊಂದುಕೊಳ್ಳುತ್ತಾರೆ. ಒಂದು ಸಲ ತಡೆಯಲಾರದೆ, "ಇದು ಪುಕ್ಕಟೆ ರಾಯರೇ, ಆಫೀಸಿನವರು ಕೊಟ್ಟ ಅಂಗಿ" ಎಂದೆ. ಅವರು ಕಾಲರನ್ನು ಬೆರಳಲ್ಲಿ ಹೊಸಕಿ ನೋಡಿ, "ಎರಡು ಕೇಳಬೇಕಿತ್ತು" ಎಂದರು.

ಇಂಥವರು ಇಲ್ಲದ ಊರಿಲ್ಲ. ಗಾಂಧಿ ಬಜಾರಿನಲ್ಲಿ ನೀವು ಆಗಷ್ಟೇ ಕೊಂಡ ಅವರೆಕಾಯಿಯ ಚೀಲಕ್ಕೆ ಕೈ ಹಾಕಿ, ಸೊಗಡು ಮೂಸಿ, ಬೆಲೆ ವಿಚಾರಿಸುವವರನ್ನು ನೀವೂ ಕಂಡಿರುತ್ತೀರಿ. ನಮ್ಮ ರಾಯರ ಹೆಚ್ಚುಗಾರಿಕೆ ಏನೆಂದರೆ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಕಲಿತ ವಿದ್ಯೆಯನ್ನು ಬೆಲೆ ಅಚ್ಚು ಹಾಕಿಯೇ ಇಡುವ ದೇಶಕ್ಕೆ ತಂದು, ದಶಕಗಳಿಂದ ಒಂದು ದಿನವೂ ಸಾಧಕ ತಪ್ಪಿಸಿಲ್ಲ. ಪೇರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನದಲ್ಲಿ ಇಡೀ ಬಂಧುಬಳಗದ ನಕ್ಷತ್ರಗಳನ್ನು ಒಂದೇ ಅರ್ಚನೆಯಲ್ಲಿ ಹಿಡಿಸುತ್ತಾರೆ. ಕನ್ನಡ ವೃಂದದ ಯುಗಾದಿ ಊಟದಲ್ಲಿ ಒಂದು ಹೋಳಿಗೆಗೆ ಎಷ್ಟು ಬಿತ್ತೆಂದು ಎಲೆಯ ಮುಂದೆ ಕುಳಿತೇ ಲೆಕ್ಕ ಹಾಕುತ್ತಾರೆ. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ವಿಶ್ವ ಕನ್ನಡ ಸಮ್ಮೇಳನ ನಡೆಯಿತಲ್ಲ, ಅಲ್ಲಿಂದ ತಂದ ಬಟ್ಟೆಯ ಚೀಲ ಇವತ್ತಿಗೂ ಅವರ ತರಕಾರಿ ಚೀಲ. ಅದರ ಮೇಲೆ ಅಚ್ಚಾಗಿದ್ದ ಭುವನೇಶ್ವರಿ ತೊಳೆದು ತೊಳೆದು ಅಳಿಸಿಹೋಗಿದ್ದಾಳೆ. ಚೀಲ ಗಟ್ಟಿಯಾಗಿದೆ.

ನಾನು ಅವರ ಕೈಗೆ ಸಿಕ್ಕಿದ್ದು 2012ರ ಏಪ್ರಿಲ್‌ನಲ್ಲಿ. ಅದರ ಹಿಂದಿನ ಜುಲೈ 21ರಂದು ಅಟ್ಲಾಂಟಿಸ್ ಭೂಮಿಗಿಳಿದು, ಮೂವತ್ತು ವರ್ಷದಲ್ಲಿ 135 ಸಲ ಹಾರಿದ್ದ ಷಟಲ್ ಯೋಜನೆ ಮುಗಿದಿತ್ತು. ಅದರ ಹಿಂದೆಯೇ, ಗುತ್ತಿಗೆ ಕಂಪನಿಗಳನ್ನು ನಂಬಿಕೊಂಡಿದ್ದ ನನ್ನಂಥವರೂ ಇಳಿದೆವು. ಜಾನ್ಸನ್ ಸ್ಪೇಸ್ ಸೆಂಟರಿನ ಸುತ್ತ ಕಟ್ಟಿಕೊಂಡ ಊರು ಇದು. ಆ ವರ್ಷ ಕಿರಾಣಿ ಅಂಗಡಿಯಲ್ಲಿ ಕಂಡವರೆಲ್ಲ ಅಕ್ಕಿ ಚೀಲದ ಬೆಲೆಪಟ್ಟಿಯನ್ನು ಶ್ರದ್ಧೆಯಿಂದ ಓದುತ್ತಿದ್ದರು. ಅಂಥ ಹೊತ್ತಿನಲ್ಲಿ ಹನ್ನೆರಡನೇ ಕ್ಲಾಸಿನ ನನ್ನ ಮಗಳಿಗೆ ಪ್ರಾಮ್ ಬಂತು.

ಪ್ರಾಮ್ ಎಂದರೆ ನಮ್ಮ ಪಿಯುಸಿಯ ಬೀಳ್ಕೊಡುಗೆಯೇ. ಉಪ್ಪಿಟ್ಟು ಮತ್ತು ಪ್ರಿನ್ಸಿಪಾಲರ ಭಾಷಣ ಇರುವುದಿಲ್ಲ, ಅಷ್ಟೆ. ನನ್ನ ಬೀಳ್ಕೊಡುಗೆಗೆ ನಾನು ಅಣ್ಣನ ಬೆಲ್‌ಬಾಟಂ ಹಾಕಿಕೊಂಡು ಹೋಗಿದ್ದೆ. ಸೊಂಟಕ್ಕೆ ಪಿನ್ನು ಚುಚ್ಚಿದ್ದರಿಂದ ಗ್ರೂಪ್ ಫೋಟೋದಲ್ಲಿ ನಾನೊಬ್ಬನೇ ಅಟೆನ್ಷನ್ನಿನಲ್ಲಿ ನಿಂತಿದ್ದೇನೆ. ಇಲ್ಲಿ ಹಾಗಲ್ಲ. ನೆಲ ಗುಡಿಸುವ ಗೌನು, ಅದಕ್ಕೊಪ್ಪುವ ಚಪ್ಪಲಿ, ಕೂದಲಿಗೊಬ್ಬಳು, ಉಗುರಿಗೊಬ್ಬಳು, ಮಣಿಕಟ್ಟಿಗೆ ಕೊರ್ಸಾಜ್ ಎಂಬ ಹೂಗೊಂಚಲು, ಗೆಳತಿಯರೆಲ್ಲ ಸೇರಿ ಹಿಡಿಯುವ ಉದ್ದನೆಯ ಲಿಮೊಸಿನ್. ಟೆಕ್ಸಸ್ಸಿನವರಿಗೆ ಇಂಥದ್ದು ಮೊದಲಿಂದಲೂ ಸ್ವಲ್ಪ ಜಾಸ್ತಿ. ಶರತ್ಕಾಲದ ಹೋಮ್‌ಕಮಿಂಗ್ ಆಟಕ್ಕೆ ಹುಡುಗಿಯರು ಎದೆಗೆ ಕಟ್ಟಿಕೊಳ್ಳುವ 'ಮಮ್' ನೋಡಬೇಕು. ತಟ್ಟೆಯಗಲದ ಬಟ್ಟೆಯ ಸೇವಂತಿಗೆ, ಮೊಣಕಾಲಿನವರೆಗೆ ರಿಬ್ಬನ್ನು, ಗಂಟೆ, ಗೆಜ್ಜೆ. ನಮ್ಮ ಕಡೆ ಆ ಮಟ್ಟದ ಅಲಂಕಾರ ಸಂಕ್ರಾಂತಿಯ ದಿನ ಕಿಚ್ಚು ಹಾಯುವ ಹಸುವಿಗೆ ಮಾತ್ರ.

ನನ್ನವಳು ಒಂದು ಕವರಿನಲ್ಲಿ 150 ಡಾಲರ್ ಹಾಕಿ, "ಟಿಕೆಟ್ ಬಿಟ್ಟು ಎಲ್ಲ ಇದರಲ್ಲೇ ಆಗಬೇಕು" ಎಂದು ಫ್ರಿಜ್ಜಿಗೆ ಅಂಟಿಸಿದಳು. ನಾನು ಮಾಡಿದ ತಪ್ಪು ಒಂದೇ. ದೇವಸ್ಥಾನದಲ್ಲಿ ಇದನ್ನು ರಾಯರ ಕಿವಿಗೆ ಬೀಳಿಸಿದೆ.

"ಆಗಸ್ಟ್ ತನಕ ತಡೆಯೋಕಾಗಲ್ವೇ?" ಎಂದರು.

ಆಗಸ್ಟ್‌ನಲ್ಲಿ ಮೂರು ದಿನ ಟೆಕ್ಸಸ್ ಸರ್ಕಾರ ನೂರು ಡಾಲರ್ ಒಳಗಿನ ಬಟ್ಟೆಗೆ ಮಾರಾಟ ತೆರಿಗೆ ಬಿಡುತ್ತದೆ. 1999ರಿಂದ ಇರುವ ಈ ಹಬ್ಬವನ್ನು ರಾಯರು ವರಮಹಾಲಕ್ಷ್ಮಿಗಿಂತ ನಿಷ್ಠೆಯಿಂದ ಆಚರಿಸುತ್ತಾರೆ. ಪ್ರಾಮ್ ಮೇ ತಿಂಗಳ ಮೊದಲ ಶನಿವಾರ ಎಂದೆ. "ಈ ಶಾಸಕರಿಗೆ ಹೆಣ್ಣುಮಕ್ಕಳಿಲ್ಲವೇ?" ಎಂದು ರೇಗಿದರು. ಹಾಗೇ ಮುಂದುವರಿದು, "ಗಂಡುಹುಡುಗರಿಗಾದರೆ ಟಕ್ಸೀಡೊ ಬಾಡಿಗೆಗೆ ಸಿಗುತ್ತೆ. ಮೆನ್ಸ್ ವೇರ್‌ಹೌಸ್ ಅಂತ, 1973ರಲ್ಲಿ ನಮ್ಮ ಹ್ಯೂಸ್ಟನ್ನಿನಲ್ಲೇ ಶುರುವಾದದ್ದು. ಒಂದು ರಾತ್ರಿಯ ಗೌನನ್ನು ಮಾತ್ರ ಕೊಂಡೇ ತೀರಬೇಕು ಅನ್ನೋದು ಯಾವ ನ್ಯಾಯ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಅದರ ಬಾಲಕ್ಕೆ ಇನ್ನೊಂದು ಮಾತು ಸೇರಿಸಿದರು: "ಶನಿವಾರ ಹಾರ್ವಿನ್‌ಗೆ ಹೋಗೋಣ. ನನಗೆ ಬಿಡಿ."

ಹಾರ್ವಿನ್ ಡ್ರೈವ್ ಹ್ಯೂಸ್ಟನ್ನಿನ ಚಿಕ್ಕಪೇಟೆ. ಕೈಚೀಲ, ಸೆಂಟು, ಗಡಿಯಾರ, ಥಳಕಿನ ಬಟ್ಟೆ ಎಲ್ಲವೂ ಸಗಟು ಬೆಲೆಗೆ. ಪಕ್ಕದ ಹಿಲ್‌ಕ್ರಾಫ್ಟಿನಲ್ಲಿ ಸೀರೆ, ಬಂಗಾರ, ಚಾಟ್. ಆ ಭಾಗಕ್ಕೆ 2010ರಲ್ಲಿ ಮಹಾತ್ಮಾ ಗಾಂಧಿ ಡಿಸ್ಟ್ರಿಕ್ಟ್ ಎಂದು ಹೆಸರಿಟ್ಟಿದ್ದಾರೆ, ಅಲ್ಲಿ ಕಾಸಿಗೆ ಕಾಸು ಜಗ್ಗುವುದನ್ನು ನೋಡಿ ಬಾಪೂ ಏನೆನ್ನುತ್ತಿದ್ದರೋ. ನಮ್ಮ ಮನೆಯಿಂದ ಸುಮಾರು ಮೂವತ್ತು ಮೈಲಿ. ಬೆಲ್ಟ್‌ವೇ ಹಿಡಿದರೆ ಸಲೀಸು, ಆದರೆ ಅದಕ್ಕೆ ಟೋಲ್. "ಟೋಲ್ ಯಾಕೆ ದಂಡ? ಫೀಡರಿನಲ್ಲೇ ಹೋಗೋಣ" ಎಂದರು ರಾಯರು. ಫೀಡರ್ ಎಂದರೆ ಹೆದ್ದಾರಿಯ ಪಕ್ಕದಲ್ಲೇ ಬಡ ನೆಂಟನ ಹಾಗೆ ಓಡುವ ರಸ್ತೆ, ಮಾರಿಗೊಂದು ಸಿಗ್ನಲ್ಲು. ಪ್ರತಿ ಕೆಂಪು ದೀಪಕ್ಕೂ ನಿಂತು, ಮೇಲೆ ಟೋಲ್ ಕೊಟ್ಟವರು ಸುಯ್ಯೆಂದು ಹೋಗುವುದನ್ನು ನೋಡುತ್ತಾ, ಒಂದೂಮುಕ್ಕಾಲು ಗಂಟೆಯಲ್ಲಿ ತಲುಪಿದೆವು. ಪೆಟ್ರೋಲು ಗ್ಯಾಲನ್‌ಗೆ ಮೂರೂವರೆ ಡಾಲರ್ ದಾಟಿತ್ತು. ಕಾರು ನನ್ನದು.

ಮೂರನೇ ಅಂಗಡಿಯಲ್ಲಿ ಮಗಳಿಗೆ ಒಂದು ಗೌನು ಹಿಡಿಸಿತು. ಕಡುನೀಲಿ, ಭುಜದ ಹತ್ತಿರ ಸಣ್ಣ ಮಣಿಕೆಲಸ. ಹಾಕಿಕೊಂಡು ಹೊರಗೆ ಬಂದಾಗ ನಾನು ಮಾತಾಡಲಿಲ್ಲ, ಮಾತಾಡಿದರೆ ಗಂಟಲು ಮೋಸ ಮಾಡುತ್ತಿತ್ತು. ಬೆಲೆ 120. ಕವರಿನಲ್ಲಿ 150 ಇತ್ತು. ಕೊಟ್ಟು ಬರಬಹುದಿತ್ತು.

"ನಲವತ್ತು" ಎಂದರು ರಾಯರು.

ಅಂಗಡಿಯವನು ನಕ್ಕ. ರಾಯರು ಮೈಸೂರು ವ್ಯಾಕರಣದ ಹಿಂದಿಯಲ್ಲಿ ಹೊಲಿಗೆಯ ದೋಷ, ಬಣ್ಣದ ಭವಿಷ್ಯ, ಮಣಿಗಳ ಆಯುಸ್ಸು ಎಲ್ಲ ವಿವರಿಸಿದರು. ಅವನು 110ಕ್ಕೆ ಬಂದ. ಆಗ ರಾಯರು ನನ್ನ ಮೊಣಕೈ ಹಿಡಿದು, "ನಡೀರಿ, ಅಂಗಡಿ ಇಳಿಯೋಣ" ಎಂದು ಪಿಸುಗುಟ್ಟಿದರು.

ಈ ವಿದ್ಯೆ ನಿಮಗೂ ಗೊತ್ತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ "ಬನ್ನಿ ಸ್ವಾಮಿ, ಬನ್ನಿ, ನಿಮ್ಮ ಮಾತೂ ಬೇಡ ನನ್ನ ಮಾತೂ ಬೇಡ" ಎಂಬ ಕೂಗು ಬರಬೇಕು. ನಾಲ್ಕು ಹೆಜ್ಜೆ ಆಯಿತು, ಬಾಗಿಲಾಯಿತು, ಪಾರ್ಕಿಂಗ್ ಲಾಟ್ ಆಯಿತು. ಕಾರಿನ ಹತ್ತಿರ ಬಂದು ಅಂಗಡಿಗೆ ಬೆನ್ನು ಹಾಕಿ ನಿಂತೆವು. "ತಿರುಗಿ ನೋಡಬೇಡಿ. ನೋಡಿದರೆ ಕೆಟ್ಟಿತು" ಎಂದರು. ತಲೆಯ ಮೇಲೆ ಹ್ಯೂಸ್ಟನ್ ಬಿಸಿಲು, ಬಾನೆಟ್ಟಿನ ಮೇಲೆ ರಾಯರ ಹೆಂಡತಿ, ನಮಗೆಲ್ಲ ಅಕ್ಕ, ಕಟ್ಟಿಕೊಟ್ಟಿದ್ದ ಪುಳಿಯೋಗರೆ ಡಬ್ಬಿ. ಹೊರಗೆ ತಿಂದರೆ ಖರ್ಚಲ್ಲವೇ? ಪುಳಿಯೋಗರೆ ಮುಗಿಯಿತು. ಯಾರೂ ಕರೆಯಲಿಲ್ಲ. ಮಗಳು ಕಾರಿನೊಳಗೆ ಸೀಟು ಮಲಗಿಸಿಕೊಂಡು, ತಾನು ಯಾರ ಮಗಳೂ ಅಲ್ಲವೆಂಬಂತೆ ಕಣ್ಣುಮುಚ್ಚಿದ್ದಳು.

ಕೊನೆಗೆ ರಾಯರು, "ಕನ್ನಡಕ ಮರೆತು ಬಂದೆ" ಎಂದು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಳ್ಳುತ್ತಾ ಒಳಗೆ ಹೋದರು. ನಾನೂ ಹಿಂದೆ ಹೋದೆ. ಗಲ್ಲೆಯ ಮುಂದೆ ಬೇರೊಬ್ಬ ಹುಡುಗಿ ಮತ್ತು ಅವಳ ತಾಯಿ, ಅಂಗಡಿಯವನು ಕಡುನೀಲಿ ಗೌನನ್ನು ಕವರಿಗೆ ಹಾಕುತ್ತಿದ್ದಾನೆ. ಇಂಥ ಹೊತ್ತಿನಲ್ಲಿ ಯಾರಾದರೂ ಏನು ಮಾಡುತ್ತಾರೆ? ರಾಯರು ನೇರ ಆ ತಾಯಿಯ ಹತ್ತಿರ ಹೋಗಿ ಇಂಗ್ಲಿಷಿನಲ್ಲಿ, "ಎಷ್ಟು ಕೊಟ್ರಿ?" ಎಂದು ಕೇಳಿದರು. ಆಕೆ 120 ಎಂದಳು. "ಟೋಪಿ ಬಿತ್ತು" ಎಂದರು.

ವಾಪಸು ಬರುವಾಗಲೂ ಫೀಡರೇ. ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಗಿತ್ತು. ಸಿಟ್ಟು ಅವರ ಮೇಲೆಯೋ, ಹತ್ತು ಡಾಲರಿನ ಆಸೆಗೆ ಮಗಳನ್ನು ಬಿಸಿಲಲ್ಲಿ ಕೂರಿಸಿದ ನನ್ನ ಮೇಲೆಯೋ ಹೇಳಲಾರೆ. ರಾಯರು ಮಾತ್ರ ಬೇಬ್ರೂಕ್ ಮಾಲಿನಲ್ಲಿ ಮುಂದಿನ ವಾರ ಬರಬಹುದಾದ ರಿಯಾಯಿತಿಯ ಲೆಕ್ಕ ಹಾಕುತ್ತಿದ್ದರು. ಆಗ ಹಿಂದಿನ ಸೀಟಿನಿಂದ ಮಗಳು ಹೇಳಿದಳು: "ಬಿಡಿ ಅಪ್ಪಾ. ನಾನು ಪ್ರಾಮ್‌ಗೆ ಹೋಗಲ್ಲ. ಪರವಾಗಿಲ್ಲ."

ರಾಯರ ಲೆಕ್ಕ ಅಲ್ಲಿಗೇ ನಿಂತಿತು. ಸಿಗ್ನಲ್ ಹಸಿರಾಯಿತು, ಮತ್ತೆ ಕೆಂಪಾಯಿತು, ಮನೆ ಬಂತು. ಅವರು ಇನ್ನೊಂದು ಮಾತಾಡಲಿಲ್ಲ. ಇಳಿಯುವಾಗ ಪೆಟ್ರೋಲಿಗೆಂದು ಇಪ್ಪತ್ತರ ಒಂದು ನೋಟು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟು ಹೋದರು. ನನಗೆ ಭಯವೇ ಆಯಿತು.

ರಾತ್ರಿ ಎಂಟಕ್ಕೆ ಬಾಗಿಲು ಬಡಿದರು. ಜೊತೆಗೆ ಅಕ್ಕ, ಅಕ್ಕನ ಕೈಯಲ್ಲಿ ಸೂಜಿದಾರದ ಡಬ್ಬಿ. ರಾಯರ ಕೈಯಲ್ಲಿ ಪ್ಲಾಸ್ಟಿಕ್ ಕವರು, ಒಳಗೆ ಮಾವಿನ ಚಿಗುರಿನ ಬಣ್ಣದ ಸ್ಯಾಟಿನ್ ಗೌನು. ಹೊಚ್ಚ ಹೊಸದು. ಕಂಕುಳಲ್ಲಿ ಬೆಲೆಚೀಟಿ ನೇತಾಡುತ್ತಲೇ ಇತ್ತು.

ಕಥೆ ಹೇಳಿದ್ದು ಅಕ್ಕ, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ನನ್ನ ಮಗಳ ಸೊಂಟದ ಹತ್ತಿರ ಬಟ್ಟೆ ಹಿಡಿಯುತ್ತಾ. ರಾಯರು ಬಂದಿದ್ದು ಎಣ್ಣೆ ಕಂಪನಿಗಳ ಸುಗ್ಗಿಯಲ್ಲಿ. 1986ರಲ್ಲಿ ಕಚ್ಚಾತೈಲದ ಬೆಲೆ ಪಾತಾಳಕ್ಕಿಳಿದಾಗ ಹ್ಯೂಸ್ಟನ್ನಿನಲ್ಲಿ ಸಾಲದ ಮನೆಯ ಬೀಗದ ಕೈಯನ್ನು ಬ್ಯಾಂಕಿಗೆ ಕೊಟ್ಟು ಊರು ಬಿಟ್ಟವರೆಷ್ಟೋ ಮಂದಿ. ಇವರು ಕೆಲಸ ಕಳೆದುಕೊಂಡು ಹದಿನಾಲ್ಕು ತಿಂಗಳು ಮನೆಯಲ್ಲಿದ್ದರು. ಆಮೇಲೆ ಕೆಲಸ ಬಂತು, ದುಡ್ಡೂ ಬಂತು, ಲೆಕ್ಕ ಹಾಕುವುದು ಮಾತ್ರ ನಿಲ್ಲಲಿಲ್ಲ. 1998ರಲ್ಲಿ ಮಗಳ ಪ್ರಾಮ್. ಬೇಬ್ರೂಕಿನಲ್ಲಿ ಈ ಗೌನು ಕಂಡಿತು, 180 ಡಾಲರ್. ಇಳಿಯಲಿ ಎಂದು ಇವರು ಕಾದರು. ಏಪ್ರಿಲ್ ಹೋಯಿತು, ಮೇ ಬಂತು, ಮಗಳು "ನಾನು ಹೋಗಲ್ಲ, ಪರವಾಗಿಲ್ಲ" ಎಂದಳು. ಇವರು ಅದನ್ನು ನಿಜವೆಂದೇ ತಿಳಿದರು. ಜೂನ್‌ನಲ್ಲಿ ಪ್ರಾಮ್ ಬಟ್ಟೆಗಳನ್ನೆಲ್ಲ ಕಾಲು ಬೆಲೆಗೆ ಹಾಕಿದಾಗ ಓಡಿಹೋಗಿ ಗೌನು ತಂದು, ಗೆದ್ದು ಬಂದವರ ಹಾಗೆ ಅವಳ ಮಂಚದ ಮೇಲೆ ಹಾಸಿದರಂತೆ.

"ಅವಳೇನಂದಳು?" ನನ್ನವಳು ಕೇಳಿದಳು.

"ಥ್ಯಾಂಕ್ಸ್ ಅಂದ್ಳಮ್ಮ. ಇನ್ನೇನು ಅಂತಾಳೆ" ಎಂದು ಅಕ್ಕ ಇನ್ನೊಂದು ಪಿನ್ನು ಚುಚ್ಚಿದರು. ರಾಯರು ನಮ್ಮ ಟಿವಿಯ ಹಿಂದೆ ಬಗ್ಗಿ ಕಂಪನಿ ಯಾವುದೆಂದು ನೋಡುತ್ತಿದ್ದರು. ಸಿಯಾಟಲ್‌ನಲ್ಲಿರುವ ಮಗಳಿಗೆ ಫೋನು ಮಾಡಿ ಅನುಮತಿ ಕೇಳಿದರೆ ಆಕೆ, "ಅದು ಇನ್ನೂ ಇದೆಯಾ?" ಎಂದು ಬಹಳ ಹೊತ್ತು ನಕ್ಕಳು. ಆಮೇಲೆ, "ಅಪ್ಪ ಬಾಡಿಗೆ ಕೇಳಿದರೆ ಕೊಡಬೇಡಿ" ಎಂದಳು.

ಕೊರ್ಸಾಜ್ ಅಂಗಡಿಯಲ್ಲಿ ಇಪ್ಪತ್ತೈದು ಡಾಲರ್. ನಮ್ಮ ಹಿತ್ತಲಿನ ಕುಂಡದಲ್ಲಿ ಮಲ್ಲಿಗೆ ಇತ್ತು. 2011ರ ಬರಗಾಲದಲ್ಲಿ, ಟೆಕ್ಸಸ್ ಹಿಂದೆಂದೂ ಕಾಣದಷ್ಟು ಒಣಗಿದ ಆ ವರ್ಷದಲ್ಲಿ, ಅಕ್ಕಿ ತೊಳೆದ ನೀರು ಕುಡಿದು ಬದುಕಿದ ಗಿಡ. ಪ್ರಾಮ್ ದಿನ ಅಕ್ಕ ಆ ಮೊಗ್ಗುಗಳನ್ನು ಬಾಳೆನಾರಿಲ್ಲದೆ ಹೊಲಿಗೆ ದಾರದಲ್ಲೇ ಒತ್ತಾಗಿ ಕಟ್ಟಿ ಮಣಿಕಟ್ಟಿಗೆ ಸುತ್ತಿದರು. ಸಂಜೆ ಕ್ಲಿಯರ್ ಲೇಕ್ ಪಾರ್ಕಿನಲ್ಲಿ ಫೋಟೋಗೆ ನಿಂತಾಗ ಮೊಗ್ಗು ಬಿರಿದು, ಗೆಳತಿಯರೆಲ್ಲ ಅವಳ ಕೈ ಹಿಡಿದು ಮೂಸುವವರೇ. ನಾನು ಆ ಕಡೆ ನೋಡದೆ ಕೆರೆ ನೋಡುತ್ತಾ ನಿಂತೆ. ಪಕ್ಕದಲ್ಲಿ ರಾಯರು ತಂದೆ ತಾಯಿಯರನ್ನು ಒಬ್ಬೊಬ್ಬರಾಗಿ ವಿಚಾರಿಸುತ್ತಿದ್ದರು. ಒಬ್ಬ ಎತ್ತರದ ಟೆಕ್ಸನ್ ಅಪ್ಪ ಮಾತ್ರ ತನ್ನ ಮಗಳ ಗೌನಿನ ಬೆಲೆ ಹೇಳಿ, ಕೇಳುವ ಮೊದಲೇ "ವಿಪರೀತ ಆಯಿತು" ಎಂದ. ರಾಯರು ಅವನ ಕೈ ಕುಲುಕಿದರು.

ನನಗೂ ಒಂದು ಅವಕಾಶ ಸಿಕ್ಕಿತೆನಿಸಿ ಕೇಳಿಯೇಬಿಟ್ಟೆ: "ಈ ಗೌನಿಗೆ ನೀವು ಎಷ್ಟು ಕೊಟ್ಟಿದ್ರಿ ರಾಯರೇ?"

"ನಲವತ್ನಾಲ್ಕು ತೊಂಬತ್ತೊಂಬತ್ತು. ಎಂಟೂಕಾಲು ಪರ್ಸೆಂಟ್ ಟ್ಯಾಕ್ಸ್ ಸೇರಿ ನಲವತ್ತೆಂಟು ಎಪ್ಪತ್ತು." ಹದಿನಾಲ್ಕು ವರ್ಷದ ಹಿಂದಿನ ಬಿಲ್ಲು, ಒಂದು ಸೆಂಟೂ ಆಚೀಚೆ ಇಲ್ಲ. ಸ್ವಲ್ಪ ಹೊತ್ತು ಹುಡುಗಿಯರ ಕಡೆ ನೋಡಿದರು. "ಜಾಸ್ತಿ ಆಯಿತು" ಎಂದರು.

ಆ ಗೌನು ಆಮೇಲೆ ನಮ್ಮ ಪರಿಚಯದ ಇನ್ನೂ ಇಬ್ಬರು ಹುಡುಗಿಯರ ಪ್ರಾಮ್ ಕಂಡು ಬಂದು, ಈಗ ನಮ್ಮ ಬೀರುವಿನಲ್ಲಿದೆ. ಅಕ್ಕ ಸೊಂಟದಲ್ಲಿ ಬಟ್ಟೆ ಬಿಟ್ಟಿದ್ದಾರೆ, ಎರಡಂಗುಲ ಬಿಚ್ಚಬಹುದು. ಕ್ಲಿಯರ್ ಲೇಕಿನ ಸುತ್ತಮುತ್ತ ಯಾರಿಗಾದರೂ ಬೇಕಿದ್ದರೆ ಏಪ್ರಿಲ್ ಒಳಗೆ ತಿಳಿಸಿ. ಬಾಡಿಗೆ ಇಲ್ಲ, ಡ್ರೈಕ್ಲೀನಿಂಗ್ ಮಾತ್ರ ನಿಮ್ಮದು. ಅದರ ಬಿಲ್ಲು ಎಸೆಯಬೇಡಿ, ರಾಯರು ಕೇಳುತ್ತಾರೆ.