ಚಕ್ರಸ್ಥ ನಿದ್ರಾವಸ್ಥೆಯಲ್ಲಿ ಆಯುಧಧಾರಣೆ: ಒಂದು ಬಹುಶಿಸ್ತೀಯ ಅನುಸಂಧಾನ

ಸಾರಾಂಶ: ಪ್ರಸ್ತುತ ಪ್ರಬಂಧವು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ಚತುಷ್ಕೋನದೊಳಗೆ ಚಕ್ರಗಳ ಮೇಲೆ ಉಂಡು, ಚಕ್ರಗಳ ಮೇಲೆ ಮಲಗಿ, ಚಕ್ರಗಳ ಮೇಲೆಯೇ ಮುದಿಯಾಗುವ ಮಾನವನ (ಇನ್ನು ಮುಂದೆ 'ಚಕ್ರಸ್ಥ') ಆತ್ಮರಕ್ಷಣಾ ಸಂಕಥನವನ್ನು ಅಂಚಿನ ನೆಲೆಯಿಂದ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಾಗಿದೆ. ಚಕ್ರಸ್ಥನನ್ನು ಜನ ಲಾರಿ ಡ್ರೈವರ್ ಎನ್ನುತ್ತಾರೆ. ಹಾಗೆಂದುಬಿಟ್ಟರೆ ಪ್ರಬಂಧ ಒಂದೂವರೆ ಪುಟಕ್ಕೇ ಮುಗಿಯುವ ಅಪಾಯವಿರುವುದರಿಂದ ಆ ಬಳಕೆಯನ್ನು ಕೈಬಿಡಲಾಗಿದೆ.

ಕೀಲಿಪದಗಳು: ಚಲನಶೀಲತೆ, ದೇಹ, ಅಸ್ಮಿತೆ, ಪ್ರತಿರೋಧ, ಕಬ್ಬಿಣ, ಡೀಸೆಲ್.

1. ಚಾರಿತ್ರಿಕ ಪರಿಪ್ರೇಕ್ಷ್ಯ

ಚಕ್ರಸ್ಥನ ಮೂಲ ಹುಡುಕಿಕೊಂಡು ಹೊರಟ ವಿದ್ವಾಂಸರು ಹಂಪಿಯ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುವುದು ವಾಡಿಕೆ. ಐವತ್ತು ರೂಪಾಯಿ ನೋಟಿನ ಮೇಲೂ ಏರಿರುವ ಆ ರಥ ಶತಮಾನಗಳಿಂದ ನಿಂತಲ್ಲೇ ನಿಂತಿರುವುದರಿಂದ ಚಲನಶೀಲತೆಯ ಅಧ್ಯಯನಕ್ಕೆ ಅಷ್ಟೇನೂ ಒದಗಿ ಬರುವುದಿಲ್ಲ. ನಿಜವಾದ ಪೂರ್ವಜರು ಲಂಬಾಣಿಗರು. ಎತ್ತುಗಳ ಬೆನ್ನಿಗೆ ದವಸ, ಉಪ್ಪು ಹೇರಿಕೊಂಡು ಸಂಸಾರ ಸಮೇತ ದಖ್ಖನಿನ ಉದ್ದಗಲ ಓಡಾಡಿದವರು ಅವರು. 1791–92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೂ ಧಾನ್ಯ ಒದಗಿಸಿದರು. ದಾರಿಯಲ್ಲಿ ಕಳ್ಳಕಾಕರಿದ್ದರು, ಹಾಗಾಗಿ ಕೈಯಲ್ಲಿ ಆಯುಧವಿತ್ತು. ಆಮೇಲೆ ರೈಲು ಬಂತು, ಹೇರು ಹೋಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರ ಹೊಸ ರೂಪದಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ, ಅಂದರೆ ಆಗಿನ ಬಳ್ಳಾರಿ ಜಿಲ್ಲೆಗೂ, ಬಂದಾಗ ಊರಿಂದೂರಿಗೆ ತಿರುಗುವುದೇ ಅನುಮಾನಕ್ಕೆ ಸಾಕಾಯಿತು. ಕಾಯಿದೆ 1952ರಲ್ಲಿ ರದ್ದಾಗಿದೆ. ಅನುಮಾನವನ್ನು ರದ್ದುಪಡಿಸಿದ ಅಧಿಸೂಚನೆ ಮಾತ್ರ ಈ ಸಂಶೋಧಕನಿಗೆ ಎಲ್ಲೂ ಸಿಕ್ಕಿಲ್ಲ.

2. ವರ್ಗೀಕರಣ

ಚಕ್ರಸ್ಥನ ಆಯುಧಗಳನ್ನು ಅಯೋಮಯ, ಕಟುಮಯ, ಮಂತ್ರಮಯ, ವಾಙ್ಮಯ, ಪಲಾಯನಮಯ ಎಂದು ಐದು ವರ್ಗಗಳಲ್ಲಿಯೂ, ಪ್ರತಿ ವರ್ಗವನ್ನು ಮೂರು ಉಪವರ್ಗಗಳಲ್ಲಿಯೂ, ಪ್ರತಿ ಉಪವರ್ಗವನ್ನು ಸ್ಥಾಯಿ-ಸಂಚಾರಿ ಭೇದದಲ್ಲಿಯೂ ವಿಭಾಗಿಸಿಕೊಳ್ಳಬಹುದಾಗಿದೆ.

2.1 ಅಯೋಮಯ. ವೀಲ್ ಪಾನಾ, ಜಾಕಿ ರಾಡು, ಟಯರ್ ಬಿಚ್ಚುವ ಪಟ್ಟಿ. ಇವು ಆಯುಧಗಳೋ ಉಪಕರಣಗಳೋ ಎಂಬುದು ಅಸ್ತಿತ್ವಮೀಮಾಂಸೆಯ ಪ್ರಶ್ನೆ. ಹೆದ್ದಾರಿ ಬದಿಯ ಡಾಬಾ ಒಂದರ ಮುಂದೆ ಈ ಪ್ರಶ್ನೆಯನ್ನು ಚಕ್ರಸ್ಥರೊಬ್ಬರ (ಇನ್ನು ಮುಂದೆ 'ವಕ್ತೃ') ಮುಂದಿಡಲಾಯಿತು.

"ಈ ಪಾನಾವನ್ನು ತಾವು ಆಯುಧವಾಗಿ ಪರಿಭಾವಿಸುತ್ತೀರೋ, ಉಪಕರಣವಾಗಿಯೋ?"

"ಟಯರ್ ಪಂಚರಾದ್ರ ಪಾನಾ ರೀ ಸಾರ್. ರಾತ್ರಿ ಯಾರಾರ ಟ್ಯಾಂಕಿಗೆ ಪೈಪ್ ಇಳಿಸಿದ್ರ..."

ವಾಕ್ಯ ಅಲ್ಲಿಗೇ ನಿಂತಿತು. ಇದನ್ನು 'ಪ್ರತಿರೋಧದ ಮೌನ' ಎಂದು ಟಿಪ್ಪಣಿ ಮಾಡಿಕೊಳ್ಳಲಾಯಿತು. ತಲೆಯೆತ್ತಿ ನೋಡಿದರೆ ವಕ್ತೃವಿಗೆ ನಿದ್ದೆ ಹತ್ತಿತ್ತು.

ಇಲ್ಲಿ ಶಾಸನದ ಪಠ್ಯವನ್ನೂ ಅವಲೋಕಿಸುವುದು ಸೂಕ್ತ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿನ ಚೂರಿ ಆಯುಧ. ಆದರೆ ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದ್ದಾದರೆ ಅಲ್ಲ. ಕಂಪ್ಲಿಯ ಗದ್ದೆಯಲ್ಲಿ ಕಬ್ಬು ಕಡಿಯುವ ಮಚ್ಚು ಕೃಷಿ. ಅದೇ ಮಚ್ಚು ಡ್ರೈವರ್ ಸೀಟಿನ ಕೆಳಗೆ ಮಲಗಿ ಹೊಸಪೇಟೆಯ ಬೈಪಾಸಿಗೆ ಬಂದರೆ, ಟಾರ್ಚ್ ಹಿಡಿದವರ ಮುಂದೆ ಅದರ ಕೃಷಿತ್ವವನ್ನು ಸಾಬೀತು ಮಾಡಬೇಕು. ಪಾನಾಕ್ಕೆ ಅಲಗೇ ಇಲ್ಲದ್ದರಿಂದ ಅದು ನಮ್ಮ ಗಣರಾಜ್ಯದ ಅತ್ಯಂತ ಕಾನೂನುಬದ್ಧ ಆಯುಧ. ಕೊಡವರಿಗೆ ಕೋವಿಯ ಲೈಸೆನ್ಸಿನಿಂದ 2029ರವರೆಗೆ ವಿನಾಯಿತಿ ಇದೆ. ಚಕ್ರಸ್ಥನಿಗೆ ಪಾನಾ ಗಾಡಿಯ ಜೊತೆಗೇ ಬರುತ್ತದೆ, ಅವಧಿ ಮಿತಿ ಇಲ್ಲ.

ಅದನ್ನು ಎತ್ತುವ ಹಕ್ಕಿಗೂ ವಿಧಿನಿಯಮಗಳಿವೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಗೆ ಮೀಸಲು: ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಸರ್ಕಾರಿ ರಕ್ಷಣೆ ಕೋರಲು ಸಮಯವಿದ್ದರೆ ಹಕ್ಕೇ ಇಲ್ಲ. ರಾತ್ರಿ ಎರಡು ಗಂಟೆಗೆ, ಕಣ್ಣಲ್ಲಿ ಇನ್ನೂ ನಿದ್ದೆ ಇರುವಾಗ, ಕ್ಯಾಬಿನ್ನಿನ ಬಾಗಿಲು ಅಲುಗಾಡಿದ ಕೂಡಲೇ ಚಕ್ರಸ್ಥನು ಈ ಹನ್ನೊಂದು ಕಲಂಗಳನ್ನು ಮನನ ಮಾಡಿಕೊಂಡು, ತದನಂತರ ಪಾನಾ ಎತ್ತತಕ್ಕದ್ದು.

2.2 ಕಟುಮಯ. ಖಾರದ ಪುಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಸೈ, ಉರಿಗೆ ಅಲ್ಲ. ಅದನ್ನು ಎರಚಿದರೆ ಕಳ್ಳನ ಮುಖಕ್ಕೆ ರಂಗು ಬಂದೀತು, ಅಷ್ಟೆ. ರಕ್ಷಣಾ ದೃಷ್ಟಿಯಿಂದ ಗುಂಟೂರೇ ಮೇಲು. ಕಾರವಾನ್ ಮಾಡಿಸಿಕೊಂಡ ವ್ಯಾನುಗಳಲ್ಲಿ ಹಂಪಿಗೆ ಬರುವ ನವ-ಚಕ್ರಸ್ಥರು ಪೆಪ್ಪರ್ ಸ್ಪ್ರೇ ತರುತ್ತಾರೆ. 2024ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನೂ ಅಪಾಯಕಾರಿ ಆಯುಧವೆಂದು ಪರಿಗಣಿಸಬಹುದೆಂದಿತು. ನಮ್ಮ ವಕ್ತೃ ತನ್ನ ಖಾರದ ಪುಡಿಯನ್ನು ರಾತ್ರಿ ಬೇಳೆಗೆ ಹಾಕಿ ಮುಗಿಸಿದ್ದರು. ಇದು 'ಆಯುಧದ ಆಹಾರೀಕರಣ'. ಈ ಪರಿಕಲ್ಪನೆಯ ಹಕ್ಕು ನನ್ನದು.

2.3 ಮಂತ್ರಮಯ. ಮುಂಗಾಜಿನ ಮೇಲೆ ಹುಲಿಗೆಮ್ಮ, ಕೊಟ್ಟೂರೇಶ್ವರ, ಸಂಡೂರಿನ ಕುಮಾರಸ್ವಾಮಿ, ಬಂಪರಿಗೆ ನಿಂಬೆಹಣ್ಣು-ಮೆಣಸಿನಕಾಯಿ. ಇವರಲ್ಲಿ ಕುಮಾರಸ್ವಾಮಿ ದೇವಸೇನೆಯ ದಂಡನಾಯಕ, ಕೈಯಲ್ಲಿ ಶಕ್ತ್ಯಾಯುಧ. ಅಲಗು ಒಂಬತ್ತು ಇಂಚು ಮೀರಿದ್ದರೂ ಯಾರೂ ಲೈಸೆನ್ಸ್ ಕೇಳಿಲ್ಲ. ಅಷ್ಟು ದೊಡ್ಡ ಆಯುಧ ಹಿಡಿದವನ ಸುತ್ತಲಿನ ಗುಡ್ಡಗಳನ್ನೇ ಅಗೆದು ಲಾರಿಗೆ ತುಂಬಿದೆವು. ಗಣಿಯೊಂದಕ್ಕೆ ಅವನದೇ ಹೆಸರು. ಆಯುಧದಿಂದ ಏನೆಲ್ಲ ಉಳಿಯುತ್ತದೆ ಎಂಬುದಕ್ಕೆ ಇಷ್ಟು ಸಾಕು.

2.4 ವಾಙ್ಮಯ. ಬೈಗುಳ. ಉದಾಹರಣೆಗಳನ್ನು ಸಂಪಾದಕರು ತೆಗೆದುಹಾಕಿದ್ದಾರೆ. ಉಪವರ್ಗಗಳು ಇನ್ನು ಸಾಕು. ಮಾಡಹೊರಟ ನನಗೇ ಬೇಸರ ಬಂದಿದೆ.

3. ಶತ್ರು ಯಾರು?

ಇಷ್ಟೆಲ್ಲ ಆಯುಧ ಯಾರ ಮೇಲೆ ಎಂದು ಯಾವ ಸಂಕಿರಣದಲ್ಲೂ ಯಾರೂ ಕೇಳುವುದಿಲ್ಲ. ಡೀಸೆಲ್ ಕಳ್ಳ ಇದ್ದಾನೆ, ತಾಡಪತ್ರಿ ಬಿಚ್ಚುವವನು ಇದ್ದಾನೆ. ಅವರಿಗೆ ಪಾನಾ ಸಾಕು. ಉಳಿದವರಿಗೆ? ಅದಿರಿನ ದಿನಗಳಲ್ಲಿ ಸಾಲ ಮಾಡಿ ಗಾಡಿ ತಂದವರು ಕೆಂಪು ದೂಳು ಕುಡಿದುಕೊಂಡು ಸಂಡೂರಿನಿಂದ ಬೇಲೆಕೇರಿ ಬಂದರಿನವರೆಗೆ ಹೊಡೆದರು. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, 29ಕ್ಕೆ ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು. ನಿಲ್ಲಿಸಿದ್ದು ಸರಿ, ಇನ್ನೂ ಮೊದಲೇ ನಿಲ್ಲಿಸಬೇಕಿತ್ತು. ಆದರೆ ಲೂಟಿಯ ಲೆಕ್ಕ ವರದಿಯಲ್ಲಿ ಉಳಿಯಿತು, ಕಂತಿನ ಲೆಕ್ಕ ಡ್ರೈವರ್ ಕಂ ಮಾಲೀಕನ ತಲೆಯ ಮೇಲೆ ಬಿತ್ತು. ಗಾಡಿ ಎಳೆದೊಯ್ಯಲು ಫೈನಾನ್ಸಿನವರು ಬಂದು ನಿಂತಾಗ ಯಾವ ಜಾಕಿ ರಾಡು ಎತ್ತಬೇಕು?

ಅಂಥವರ ಕೈಗೆ ನಾವು ಕೊಡುವುದು ಕರಪತ್ರ. ಸುರಕ್ಷತಾ ಜಾಗೃತಿ ಕಾರ್ಯಕ್ರಮವೊಂದರಲ್ಲಿ ಹಂಚಿದ್ದನ್ನು ನಾನೂ ಇಟ್ಟುಕೊಂಡಿದ್ದೇನೆ. ಮೂರನೇ ಸಾಲು: ನಿದ್ದೆ ಬಂದರೆ ಕೂಡಲೇ ವಾಹನ ನಿಲ್ಲಿಸಿ. ಏಳನೇ ಸಾಲು: ರಾತ್ರಿ ನಿರ್ಜನ ಜಾಗದಲ್ಲಿ ವಾಹನ ನಿಲ್ಲಿಸಬೇಡಿ. ಜನ ಇರುವ ಜಾಗದಲ್ಲಿ ನಿಲ್ಲಿಸಿದರೆ 'ಇಲ್ಲಿ ಹಾಕಬ್ಯಾಡ, ಮುಂದಕ್ಕೆ ತಗಿ' ಎನ್ನುತ್ತಾರೆ. ಆ ಮುಂದು ಎಲ್ಲಿದೆಯೆಂದು ಕರಪತ್ರ ಹೇಳುವುದಿಲ್ಲ. ಅದನ್ನು ಓದಿ ವಿವರಿಸಿದ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ಎದುರಿಗೆ ಕೂತವರು ಇಡೀ ರಾತ್ರಿ ಗಾಡಿ ಓಡಿಸಿಕೊಂಡು ಬಂದಿದ್ದರು.

ಎಲ್ಲಿ ಮಲಗಬೇಕೆಂಬುದು ಯಾರಿಗೂ ಹೊಳೆಯದ ಗಹನ ಸಮಸ್ಯೆಯೂ ಅಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯ 9ನೇ ಕಲಮಿನಲ್ಲೇ ಬರೆದಿತ್ತು: ಕಾರ್ಮಿಕರು ರಾತ್ರಿ ತಂಗಬೇಕಾದ ಕಡೆಯಲ್ಲೆಲ್ಲ ಮಾಲೀಕನು ವಿಶ್ರಾಂತಿ ಕೋಣೆ ಒದಗಿಸಬೇಕು. ಅರವತ್ತು ವರ್ಷ ಕಳೆದವು, ಕೋಣೆ ಎಂದರೆ ಇವತ್ತಿಗೂ ಕ್ಯಾಬಿನ್ನೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯ, ಒಳ್ಳೆಯದೇ. ಆದರೆ ಹಳೆಯ ಗಾಡಿಯವನು ಏಪ್ರಿಲ್ಲಿನ ಹೊಸಪೇಟೆಯ ಸೆಕೆಗೆ ಗಾಜು ಇಳಿಸಿಕೊಂಡೇ ಮಲಗಬೇಕು. ಇಳಿಸಿದ ಗಾಜಿನಿಂದ ಗಾಳಿಯೂ ಬರುತ್ತದೆ, ಕೈಯೂ ಬರುತ್ತದೆ.

ಹೊರಗೆ ಕತ್ತಲಲ್ಲಿ ಇದ್ದವರದ್ದೇ ತಪ್ಪು ಎನ್ನುವ ಚಟ ನಮಗೆ ಎಷ್ಟು ಅಂಟಿದೆಯೆಂದರೆ, 2025ರ ಮಾರ್ಚ್ 6ರ ರಾತ್ರಿ ಹೊಳೆಯ ಆಚೆ ಸಾಣಾಪುರದ ಕಾಲುವೆ ದಂಡೆಯಲ್ಲಿ ಇಬ್ಬರು ಹೆಂಗಸರ ಮೇಲೆ ಅತ್ಯಾಚಾರ ನಡೆದು, ಜೊತೆಗಿದ್ದ ಗಂಡಸರನ್ನು ನೀರಿಗೆ ತಳ್ಳಿ, ಅವರಲ್ಲೊಬ್ಬ ಸತ್ತಾಗಲೂ ನಾನು ಹೋಟೆಲಿನ ಟೇಬಲ್ಲುಗಳಲ್ಲಿ ಕೇಳಿದ್ದು ಒಂದೇ ಮಾತು: ಅಷ್ಟೊತ್ತಲ್ಲಿ ಅಲ್ಲಿ ಯಾಕೆ ಕೂತಿದ್ದರು? ನಕ್ಷತ್ರ ನೋಡಲು ಕೂತಿದ್ದರು. ಅದಕ್ಕೂ ಆಯುಧ ತರಬೇಕಿತ್ತೇನು?

4. ಪಲಾಯನಮಯ

ಐದನೇ ವರ್ಗ ಬಾಕಿ ಇದೆ. ಅಪಘಾತವಾದಾಗ ಜನ ಸೇರುವುದಕ್ಕೆ ಮುಂಚೆ ಡ್ರೈವರ್ ಓಡುತ್ತಾನೆ. ತಪ್ಪು ಯಾರದೆಂದು ಜನ ಕೇಳುವುದಿಲ್ಲ, ದೊಡ್ಡ ಗಾಡಿಯವನನ್ನು ಮೊದಲು ಹೊಡೆಯುತ್ತಾರೆ. ರಸ್ತೆಯಲ್ಲಿ ರಕ್ತ ಸೋರಿಸಿಕೊಂಡು ಬಿದ್ದವನನ್ನು ಬಿಟ್ಟು ಓಡುವುದು ಪಾಪವೇ, ಅದರಲ್ಲಿ ಎರಡು ಮಾತಿಲ್ಲ. ನ್ಯಾಯ ಸಂಹಿತೆಯ 106(2)ನೇ ಕಲಂ ಹಾಗೆ ವರದಿ ಮಾಡದೆ ಓಡಿದವನಿಗೆ ಹತ್ತು ವರ್ಷದವರೆಗೆ ಶಿಕ್ಷೆ ಬರೆಯಿತು. 2024ರ ಜನವರಿಯಲ್ಲಿ ದೇಶದ ತುಂಬ ಲಾರಿಗಳು ನಿಂತವು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಜುಲೈ 1ರಿಂದ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿದರು. ನಿಂತುಕೊಂಡ ಡ್ರೈವರನನ್ನು ಜನರ ಕೈಯಿಂದ ಉಳಿಸುವವರು ಯಾರೆಂದು ಆಗಲೂ ಯಾರೂ ಹೇಳಲಿಲ್ಲ.

5. ಹೆಚ್ಚಿನ ಸಂಶೋಧನೆಗೆ ಅವಕಾಶಗಳು

ಇಲ್ಲ. ಬೇಕಾಗಿರುವುದು ಬೇಲಿ ಹಾಕಿದ ಜಾಗ, ಬೆಳಗುವ ದೀಪ, ನಲ್ಲಿ, ಕಕ್ಕಸು, ರಾತ್ರಿ ಎಚ್ಚರವಿರುವ ಒಬ್ಬ ಕಾವಲುಗಾರ. ಹೊಸಪೇಟೆಯ ಹೊರಗೊಂದು, ಸಂಡೂರಿನ ದಾರಿಯಲ್ಲೊಂದು, ಡ್ಯಾಮಿನಿಂದ ನೀರು ಬಿಟ್ಟಾಗ ಸೇತುವೆ ಮುಳುಗಿ ಗಾಡಿಗಳು ನಿಂತುಬಿಡುವ ಕಂಪ್ಲಿಯಲ್ಲೊಂದು.