ಗಾಡಿವೈದ್ಯ: ಕೊಲ್ಹಾರ ಸೀಮೆಯ ಕಾರು ಪೋಷಣೆಯ ಮೀಮಾಂಸೆ

ಕಾರು ಕೆಡುವ ಮುನ್ನ ಅದನ್ನು ನೋಡಿಕೊಳ್ಳುವುದಕ್ಕೆ ಸರ್ವಿಸ್ ಎಂದೂ ಕೆಟ್ಟ ಮೇಲೆ ನೋಡಿಕೊಳ್ಳುವುದಕ್ಕೆ ರಿಪೇರಿ ಎಂದೂ ಹೆಸರು. ಕೆಟ್ಟ ಮೇಲೂ ನೋಡಿಕೊಳ್ಳದೆ ಓಡಿಸುವ ಮೂರನೆಯ ಅವಸ್ಥೆಗೆ ಲಕ್ಷಣಕಾರರು ಹೆಸರಿಟ್ಟಿಲ್ಲ. ರಸ್ತೆಯ ಮೇಲೆ ಹೆಚ್ಚಾಗಿ ಕಾಣಸಿಗುವುದು ಅದೇ. ದನಗಳ ವೈದ್ಯಕ್ಕೆ ಕನ್ನಡದಲ್ಲಿ ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯ ಕೀರ್ತಿವರ್ಮನ ‘ಗೋವೈದ್ಯ’ ಇತ್ತು. ಕುದುರೆಗೆ ಶಾಲಿಹೋತ್ರ, ಆನೆಗೆ ಪಾಲಕಾಪ್ಯ. ರಥಗಳ ಉಸ್ತುವಾರಿಗೆ ಕೌಟಿಲ್ಯ ರಥಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿದ. ಬಾನೆಟ್ಟಿನೊಳಗೆ ಎಂಜಿನ್ ಅಡಗಿಸಿಕೊಂಡ ಕಾರಿಗೆ ಮಾತ್ರ ಅಂಥ ಶಾಸ್ತ್ರಕಾರ ಸಿಕ್ಕಿಲ್ಲವಾಗಿ, ಅದರ ವೈದ್ಯ ಇಂದಿಗೂ ಬೀಗರ ಬಾಯಿಮಾತಿನ ಮೇಲೆ ನಡೆದಿದೆ.

ಶಾಸ್ತ್ರಕ್ಕೊಂದು ಕ್ಷೇತ್ರ ಬೇಕು. ಆ ದೃಷ್ಟಿಯಿಂದ ವಿಜಯಪುರ ಜಿಲ್ಲೆಯ ಕೊಲ್ಹಾರಕ್ಕೆ ಸಾಟಿ ಸಿಗುವುದು ಕಷ್ಟ. ಮೊದಲು ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ಊರು ಇದು. ಹಳೆಯ ಊರು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹೋಯಿತು. ಹೊಸ ಊರು ಮೇಲೆ ಬಂದು ಕೂತಿತು. ವಿಜಯಪುರ–ಹುಬ್ಬಳ್ಳಿ ಹೆದ್ದಾರಿ ಊರನ್ನು ಮುಟ್ಟಿ, ಕೃಷ್ಣೆಯ ಮೇಲಿನ ಉದ್ದನೆಯ ಕೊರ್ತಿ–ಕೊಲ್ಹಾರ ಸೇತುವೆ ದಾಟಿ ಬೀಳಗಿಯ ಕಡೆ ಹೋಗುತ್ತದೆ. ಸುತ್ತ ಎರಿ ಹೊಲ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರು, ಬಸ್‌ಸ್ಟ್ಯಾಂಡಿನಲ್ಲಿ ಮೊಸರಿನ ಗಡಗಿ. ಕಾರಿಗೆ ಬರಬಹುದಾದ ಪೀಡೆಗಳೆಲ್ಲ ಇಲ್ಲಿ ಒಂದೇ ಕಡೆ ಸಿಗುವುದರಿಂದ ಸಂಶೋಧಕನಿಗೆ ಬೇರೆಡೆ ತಿರುಗುವ ಖರ್ಚಿಲ್ಲ.

ಮೂಲಗ್ರಂಥವೆಂದರೆ ಕಾರಿನ ಜೊತೆ ಬರುವ ಕೈಪಿಡಿ. ಇದರ ಪ್ರತಿಗಳು ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಟೋಲ್ ಚೀಟಿ, ಮದುವೆಯ ಲಗ್ನಪತ್ರಿಕೆ, ಅರ್ಧ ತಿಂದ ಶೇಂಗಾ ಚಿಕ್ಕಿಗಳ ಅಡಿಯಲ್ಲಿ ಸುರಕ್ಷಿತವಾಗಿ ದೊರೆಯುತ್ತವೆ. ಓದಿದ ಗುರುತು ಯಾವ ಪ್ರತಿಯಲ್ಲೂ ಇಲ್ಲದ್ದರಿಂದ ಪಾಠ ಕೆಟ್ಟಿರುವ ಭಯವಿಲ್ಲ. ಅದರ ಮುಖ್ಯ ವಿಧಿ ಇಷ್ಟು: ಹಲವು ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವಿಸ್ ಆಗಬೇಕು. ಈ ವಾಕ್ಯಕ್ಕೆ ಸ್ಥಳೀಯವಾಗಿ ‘ಯಾವುದು ಕೊನೆಗೋ ಆಗ’ ಎಂಬ ಪಾಠಾಂತರ ಪ್ರಚಾರದಲ್ಲಿದ್ದು, ಬಹುಮತ ಅದರ ಪರವಾಗಿದೆ. ಇನ್ನೊಂದು ಪುಟದಲ್ಲಿ ಕಠಿಣ ಪರಿಸ್ಥಿತಿಗೆ ಬೇರೆ ವೇಳಾಪಟ್ಟಿ ಇರುತ್ತದೆ. ಧೂಳಿನ ರಸ್ತೆ, ವಿಪರೀತ ಸೆಕೆ, ಎಂಜಿನ್ ಕಾಯುವ ಮೊದಲೇ ಮುಗಿಯುವ ಸಣ್ಣ ಓಡಾಟ, ಮಿತಿಮೀರಿದ ಹೊರೆ ಇವೆಲ್ಲ ಅದರ ಲಕ್ಷಣಗಳು. ಅಂಥಲ್ಲಿ ಎಣ್ಣೆ ಮತ್ತು ಫಿಲ್ಟರಿನ ಅವಧಿ ಅರ್ಧಕ್ಕಿಳಿಯುವುದುಂಟು. ಮನೆಯಿಂದ ಹೊಲ, ಹೊಲದಿಂದ ಸಂತೆ, ಸಂತೆಯಿಂದ ಏಳು ಜನರನ್ನು ತುಂಬಿಕೊಂಡು ಜಾತ್ರೆ ಎಂದು ಓಡುವ ಗಾಡಿಗೆ ಈ ಲಕ್ಷಣಗಳಲ್ಲಿ ಒಂದೂ ತಪ್ಪುವುದಿಲ್ಲ. ಆದರೆ ಒಡೆಯ ಇದನ್ನು ಲಡಾಖಿನವರಿಗೆ ಬರೆದದ್ದೆಂದು ತಿಳಿಯುತ್ತಾನೆ.

ರೋಗ ಅರಿಯಲು ಪ್ರಮಾಣಗಳು ಮೂರು: ಪ್ರತ್ಯಕ್ಷ, ಅನುಮಾನ, ಶಬ್ದ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ಅನುಮಾನವನ್ನು ತಾರ್ಕಿಕರು ಶತಮಾನಗಟ್ಟಲೆ ಚರ್ಚಿಸಿದರೂ ಹೊಗೆಯ ಬಣ್ಣದ ಕಡೆ ಗಮನ ಕೊಡಲಿಲ್ಲ. ಆ ಕೊರತೆಯನ್ನು ಗ್ಯಾರೇಜು ತುಂಬಿಕೊಟ್ಟಿತು. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಇಂಧನ ಹೆಚ್ಚಾಗಿದೆ, ಇಲ್ಲವೇ ಗಾಳಿ ಸಾಲದು. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಹೊಡೆದರೆ ಕೂಲಂಟ್ ಒಳಗೆ ಸೋರುತ್ತಿದೆ. ಚಳಿಗಾಲದ ಬೆಳಗ್ಗೆ ಸ್ವಲ್ಪ ಹೊತ್ತು ಕಾಣುವ ಬಿಳಿ ಹಬೆ ರೋಗವಲ್ಲ. ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಆಪ್ತನೆಂದರೆ ಹಿಂದೊಮ್ಮೆ ಕಾರು ಇಟ್ಟುಕೊಂಡಿದ್ದು ಈಗ ಮಾರಿರುವ ಬೀಗ. ಅವನ ವಾಕ್ಯ ಯಾವಾಗಲೂ ಒಂದೇ: “ಏನೂ ಆಗಂಗಿಲ್ಲ ಬಿಡ್ರಿ.” ಗಾಡಿಯೇ ಹೊರಡಿಸುವ ಕಿರುಗುಟ್ಟುವಿಕೆ, ಕಟಕಟ, ಗುಂಯ್‌ಗುಡುವಿಕೆಗಳೂ ಶಬ್ದಗಳೇ ಆದರೂ ಟೇಪ್ ಜೋರು ಮಾಡಿದರೆ ಅವು ಪ್ರಮಾಣವಾಗದೆ ಉಳಿಯುತ್ತವೆ.

ಎಣ್ಣೆಯ ಪ್ರಕರಣಕ್ಕೆ ಬಂದರೆ, ಎಂಜಿನ್ ಎಣ್ಣೆ ಲೋಹದ ಮೈಗಳ ನಡುವೆ ಪೊರೆಯಾಗಿ ನಿಂತು ಸವೆತ ತಡೆಯುತ್ತದೆ, ಶಾಖ ಹೊರುತ್ತದೆ, ಮಸಿಯನ್ನೂ ಕೊಳೆಯನ್ನೂ ತನ್ನಲ್ಲಿ ತೇಲಿಸಿಟ್ಟುಕೊಳ್ಳುತ್ತದೆ. ಅದಕ್ಕೆ ಬೆರೆಸಿದ ಔಷಧಗಳು ತೀರಿದ ಮೇಲೆ ಅದು ದಪ್ಪಗಾಗಿ ಜಿಡ್ಡುಗಟ್ಟುತ್ತದೆ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದಿದ್ದರೆ ಮೊದಲ ಭಾಗ ಚಳಿಯಲ್ಲಿನ ನಡತೆಯನ್ನು ಹೇಳುತ್ತದೆ; ಆ ದರ್ಜೆಯ ಎಣ್ಣೆಯಲ್ಲಿ ಎಂಜಿನ್ ತಿರುಗೀತೇ ಎಂಬುದನ್ನು ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷಿಸಿರುತ್ತಾರೆ. ಎರಡನೆಯದು 100 ಡಿಗ್ರಿಯಲ್ಲಿನ ಸ್ನಿಗ್ಧತೆಗೆ ಸಂಬಂಧಿಸಿದ್ದು. ಕೊಲ್ಹಾರದ ಒಡೆಯ ಮೊದಲ ಗುಣಕ್ಕೂ ದುಡ್ಡು ಕೊಟ್ಟು, ಎರಡನೆಯದನ್ನೇ ವರ್ಷವಿಡೀ ಉಪಯೋಗಿಸುತ್ತಾನೆ. ಹಾಗೆಂದು ಕೈಪಿಡಿ ಹೇಳಿದ ದರ್ಜೆ ಬಿಟ್ಟು ಟ್ರ್ಯಾಕ್ಟರಿಗೆ ತಂದು ಉಳಿದ ಎಣ್ಣೆ ಹಾಕಬಾರದು. ಮಟ್ಟ ನೋಡುವ ಕ್ರಮ ಸರಳ: ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಕೆಲವು ನಿಮಿಷ ಬಿಟ್ಟು, ಅಳತೆ ಕಡ್ಡಿ ಎಳೆದು ಅರಿವೆಯಿಂದ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದರೆ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಮೊದಲ ಎಳೆತದಲ್ಲೇ ತೀರ್ಪು ಕೊಡುವುದು ಅವಸರ. ಡೀಸೆಲ್ ಗಾಡಿಯ ಎಣ್ಣೆ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುವುದು ಸಹಜ. ಕೊನೆಯ ಬದಲಾವಣೆಯ ಕಾಲನಿರ್ಣಯದಲ್ಲಿ ಮಾತ್ರ ಇತಿಹಾಸಜ್ಞರು ಸೋಲುತ್ತಾರೆ.

“ಎಣ್ಣಿ ಯಾವಾಗ ಬದಲಿ ಮಾಡ್ಸೀರಿ ಸಾವಕಾರ್ರ?”

“ಸಿದ್ದೇಶ್ವರ ಜಾತ್ರಿಗಿ ನೋಡಪಾ.”

“ಯಾವ ವರ್ಷದ್ ಜಾತ್ರಿರೀ?”

ಈ ಪ್ರಶ್ನೆಗೆ ಉತ್ತರ ಬಂದ ದಾಖಲೆಯಿಲ್ಲ. ಸರ್ವಿಸ್ ಆದ ದಿನಾಂಕ ಮತ್ತು ಕಿಲೋಮೀಟರನ್ನು ಬರೆದು ಬಾಗಿಲ ಅಂಚಿಗೆ ಅಂಟಿಸುವ ಚೀಟಿಯೇ ಈ ಕ್ಷೇತ್ರದ ಏಕೈಕ ಶಾಸನ. ಗಾಡಿ ತೊಳೆಯುವವರು ಅದನ್ನೂ ಉಜ್ಜಿ ತೆಗೆಯುತ್ತಾರೆ.

ಎಂಜಿನ್ನಿಗೆ ಎಣ್ಣೆಯಷ್ಟೇ ಗಾಳಿಯೂ ಬೇಕು. ಎರಿ ಮಣ್ಣಿನ ಧೂಳು ಹಿಟ್ಟಿನಂತೆ ನುಣುಪು. ಅದನ್ನು ತಡೆಯುವ ಕಾಗದದ ಏರ್ ಫಿಲ್ಟರನ್ನು ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸುವ ರೂಢಿ ಇದೆ. ಗಾಳಿಯನ್ನು ಒಳಮೈಯಿಂದ ಹೊರಮೈಗೆ, ಮೆಲ್ಲಗೆ ಹೊಡೆಯಬೇಕು. ಹೊರಗಿನಿಂದ ಜೋರಾಗಿ ಹೊಡೆದರೆ ಧೂಳು ಕಾಗದದೊಳಗೇ ನಾಟುತ್ತದೆ, ಕಾಗದ ಹರಿದರೂ ಹರಿಯಿತು. ಹರಿದ ಫಿಲ್ಟರಿನಲ್ಲಿ ಗಾಡಿಯ ಎಳೆತ ಹೆಚ್ಚಾದಂತೆ ಅನಿಸಿ ಒಡೆಯ ಸಂತೋಷಪಡುವ ದಿನಗಳಲ್ಲೇ ಸಿಲಿಂಡರು ಸವೆಯುತ್ತಿರುತ್ತದೆ. ಧೂಳಿಗಿಂತ ಗಂಡಾಂತರದ್ದು ರಸ್ತೆ ಒಕ್ಕಣೆ. ಸುಗ್ಗಿಯಲ್ಲಿ ತೆನೆಯನ್ನೋ ಕಾಳಿನ ಗಿಡಗಳನ್ನೋ ಡಾಂಬರಿನ ಮೇಲೆ ಹರವಿ, ಹೋಗಿಬರುವ ಗಾಡಿಗಳಿಂದ ಪುಕ್ಕಟೆ ತುಳಿಸಿಕೊಳ್ಳುವುದು ಬಯಲುಸೀಮೆಯ ಪದ್ಧತಿ. ಒಣದಂಟು ಕಾರಿನ ಅಡಿಗೆ ಸಿಕ್ಕು ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರ್ ಪೈಪಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಒಕ್ಕಣೆಯ ರಾಶಿಯ ಮೇಲೆ ಹಾದ ಮೇಲೆ ಸ್ವಲ್ಪ ಮುಂದೆ, ಒಣಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ ಅಡಿಗೆ ಬಗ್ಗಿ ನೋಡುವುದು ವಿಹಿತ. ಹಾಗೆ ಬಗ್ಗಿದವನನ್ನು ಕಂಡು ಏನೋ ಬಿದ್ದಿದೆಯೆಂದು ಹುಡುಕಲು ನಾಲ್ಕು ಜನ ಸೇರುತ್ತಾರೆ, ಅದಕ್ಕೆ ನಾಚಬಾರದು.

ನೀರಿನ ವಿಷಯದಲ್ಲಿ ಕೊಲ್ಹಾರಕ್ಕೆ ಬಡತನವಿಲ್ಲ. ತೊಂದರೆ ಇರುವುದೇ ಅಲ್ಲಿ. ರೇಡಿಯೇಟರಿನಲ್ಲಿ ಇರಬೇಕಾದದ್ದು ಎಥಿಲೀನ್ ಗ್ಲೈಕಾಲ್ ಬೆರೆತ ಕೂಲಂಟ್. ಅದು ಕುದಿಬಿಂದುವನ್ನು ಏರಿಸುತ್ತದೆ, ತುಕ್ಕು ತಡೆಯುತ್ತದೆ. ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟು ಕುದಿತವನ್ನು ಮತ್ತಷ್ಟು ಮುಂದೂಡುತ್ತದೆ. ಮಟ್ಟ ಇಳಿದಾಗಲೆಲ್ಲ ಬೋರಿನ ಸವುಳು ನೀರು ಹಾಕಿದರೆ ಸುಣ್ಣ ಕಟ್ಟಿ ಸಣ್ಣ ಕೊಳವೆಗಳು ಮುಚ್ಚುತ್ತವೆ. ಮೇ ತಿಂಗಳಲ್ಲಿ ಸೇತುವೆಯ ನಡುವೆ ಕಾರು ಕುದಿದು ನಿಂತಾಗ ಕೆಳಗೆ ಕಣ್ಣು ಹಾಯಿಸಿದಷ್ಟೂ ಹಿನ್ನೀರು ಕಾಣುತ್ತದೆ, ಅದು ಉಪಯೋಗಕ್ಕೆ ಬಾರದು. ಕಾದ ರೇಡಿಯೇಟರಿನ ಮುಚ್ಚಳವನ್ನು ಯಾವ ಅರಿವೆ ಹಿಡಿದೂ ತೆಗೆಯಕೂಡದು. ಒತ್ತಡ ಬಿಡುತ್ತಲೇ ಒಳಗಿನ ದ್ರವ ಮುಖಕ್ಕೆ ಸಿಡಿಯುತ್ತದೆ. ಬ್ಯಾಟರಿಗೂ ಇದೇ ನ್ಯಾಯ. ಅದಕ್ಕೆ ಡಿಸ್ಟಿಲ್ಡ್ ವಾಟರ್ ಬೇಕು. ಐದು ರೂಪಾಯಿ ನಾಣ್ಯ ಹಾಕಿ ಹಿಡಿದ ಕುಡಿಯುವ ನೀರು ಮನುಷ್ಯನಿಗೆ ಶುದ್ಧ, ಬ್ಯಾಟರಿಗಲ್ಲ. ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಅದರ ಆಯುಷ್ಯ ತಿನ್ನುವುದರಲ್ಲಿ ಚಳಿಗಿಂತ ಸೆಕೆ ಮುಂದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಡಾಟ್ 4 ದರ್ಜೆಯದು ಹೊಸದಿದ್ದಾಗ 230 ಡಿಗ್ರಿಯವರೆಗಾದರೂ ಕುದಿಯಬಾರದೆಂಬ ನಿಯಮ. ತೇವ ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಜೋಳದ ರೊಟ್ಟಿ ಕಟಕಲಾಗುವ ಬಿಸಿಲೂರಿನಲ್ಲಿ ತೇವ ಎಲ್ಲಿಂದ ಬರಬೇಕೆಂದು ವಾದಿಸುವವರು ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಮೊಸರು. ಯಾವ ಕಂಪನಿಯ ವಿದ್ವಾಂಸರೂ ಕೈಹಾಕದ ಪ್ರಕರಣ ಇದು. ಕೊಲ್ಹಾರದ ಗಟ್ಟಿ ಮೊಸರು ಮಣ್ಣಿನ ಗಡಗಿಯಲ್ಲಿ ಮಾರಾಟವಾಗುತ್ತದೆ. ಗಡಗಿ ಬೋರಲು ಹಾಕಿದರೂ ಬೀಳದೆಂಬ ಅದರ ಕೀರ್ತಿ ದೂರದೂರಿನವರೆಗೂ ಹಬ್ಬಿದೆ. ಆ ಕೀರ್ತಿ ನಿಂತ ಗಡಗಿಯದು. ಹಂಪಿನ ಮೇಲೆ ಹಾರುವ ಕಾರಿನ ಡಿಕ್ಕಿಯಲ್ಲಿರುವ ಗಡಗಿಯ ಬಗ್ಗೆ ಪರಂಪರೆ ಏನೂ ಹೇಳುವುದಿಲ್ಲ. ಗಡಗಿ ವಾಲಿ ಚೆಲ್ಲಿದ ಮೊಸರು ಕಾರ್ಪೆಟ್ ದಾಟಿ ಅದರಡಿಯ ದಪ್ಪ ಫೆಲ್ಟಿಗೆ ಇಳಿಯುತ್ತದೆ. ಬಿಸಿಲಿಗೆ ನಿಲ್ಲಿಸಿ ಕಿಟಕಿ ಮುಚ್ಚಿದ ಕಾರಿನ ಒಳಗೆ 60 ಡಿಗ್ರಿಯ ಆಸುಪಾಸು ಆಗುವುದುಂಟು. ಆ ಕಾವಿಗೆ ಎಮ್ಮೆಹಾಲಿನ ಕೊಬ್ಬು ಒಡೆದು ಬ್ಯುಟೈರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಕಮಟು ವಾಸನೆಯ ಮೂಲ ಅದೇ. ಒಡೆಯ ಮೊದಲು ಕನ್ನಡಿಗೆ ಸುಗಂಧದ ಬಿಲ್ಲೆ ಕಟ್ಟುತ್ತಾನೆ. ಮಲ್ಲಿಗೆಯೂ ಮೊಸರೂ ಸೇರಿ ಮೂರನೆಯದೊಂದು ಹುಟ್ಟುತ್ತದೆ. ಅದನ್ನು ವಾಸನೆಯೆಂದು ಕರೆಯಲು ಈ ಗ್ರಂಥ ಹಿಂಜರಿಯುತ್ತದೆ. ಸರಿಯಾದ ಚಿಕಿತ್ಸೆ ಹೀಗೆ: ಚೆಲ್ಲಿದ ತಕ್ಷಣ ಚಮಚೆಯಿಂದ ಕೆರೆದು ತೆಗೆಯುವುದು, ತಣ್ಣೀರಿನಲ್ಲಿ ಅದ್ದಿದ ಅರಿವೆಯಿಂದ ಒತ್ತಿ ಹೀರುವುದು, ಬಿಸಿನೀರು ಮುಟ್ಟಿಸದಿರುವುದು (ಬಿಸಿಗೆ ಮೊಸರಿನ ಪ್ರೋಟೀನು ಎಳೆಗೆ ಕಚ್ಚುತ್ತದೆ), ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಡುವುದು. ಫೆಲ್ಟಿಗೇ ಇಳಿದಿದ್ದರೆ ಕಾರ್ಪೆಟ್ ಬಿಚ್ಚಿ ತೊಳೆದು ಬಿಸಿಲಿಗೆ ಹಾಕದೆ ವಿಧಿಯಿಲ್ಲ. ಎ.ಸಿ.ಯ ಕ್ಯಾಬಿನ್ ಫಿಲ್ಟರನ್ನೂ ಆಗಲೇ ಬದಲಿಸಬೇಕು. ಅನುಭವಸ್ಥರು ಗಡಗಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಸೀಟ್ ಬೆಲ್ಟ್ ಬಿಗಿಯುತ್ತಾರೆ. ಪಕ್ಕದಲ್ಲಿ ಕೂತ ಮಗುವಿಗೆ ಬೆಲ್ಟ್ ಇರುವುದಿಲ್ಲ, ತೊಡೆಯ ಮೇಲೆ ಇನ್ನೊಂದು ಗಡಗಿ ಇರುತ್ತದೆ.

ವಾರ್ಷಿಕ ವಿಧಿಗಳಲ್ಲಿ ಖಂಡೆ ಪೂಜೆಗೆ ಅಗ್ರಸ್ಥಾನ. ಆ ದಿನ ಬಾನೆಟ್ಟು ತೆರೆದು ಪೈಪು ಹಿಡಿದು ಎಂಜಿನ್ನಿಗೆ ಅಭಿಷೇಕ ಮಾಡುವುದು ರೂಢಿ. ವೈರಿಂಗ್ ಜೋಡಣೆಗಳಿಗೂ ಆಲ್ಟರ್ನೇಟರಿಗೂ ನೀರು ಹೊಕ್ಕು ಮರುದಿನ ಬನ್ನಿ ಕೊಡಲು ಹೊರಟ ಗಾಡಿ ಸ್ಟಾರ್ಟಾಗದಿರುವುದೂ ರೂಢಿ. ಹೊರಮೈಗೆ ನೀರು, ಎಂಜಿನ್ನಿಗೆ ಒದ್ದೆ ಅರಿವೆ ಸಾಕು. ಆಮೇಲೆ ಚೆಂಡುಹೂವು, ವಿಭೂತಿ, ತೆಂಗಿನಕಾಯಿ, ಗಾಲಿಗೊಂದರಂತೆ ನಾಲ್ಕು ಲಿಂಬೆಹಣ್ಣು. ಜಿಲ್ಲೆಯ ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇರುವುದರಿಂದ ಈ ಭಾಗದ ಕಾರುಗಳು ಬೇರೆ ಕಡೆಯವಕ್ಕಿಂತ ಶ್ರೇಷ್ಠ ಹಣ್ಣನ್ನು ಚಚ್ಚುತ್ತವೆ. ಒಡೆಯ ಟೈರಿನ ಹತ್ತಿರ ಮಂಡಿಯೂರುವುದು ವರ್ಷದಲ್ಲಿ ಅದೊಂದೇ ಸಲ. ಲಿಂಬೆ ಇಡುತ್ತಿರುವಾಗಲೇ ಅವನು ನಾಲ್ಕು ಸಂಗತಿ ನೋಡಿಕೊಳ್ಳಬಹುದು. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ, ಅಂದರೆ ಗೆರೆಯೊಳಗಿನ ಸವೆತದ ಉಬ್ಬು ಮೇಲ್ಮೈಗೆ ಸಮನಾಗಿದ್ದರೆ, ಆ ಟೈರು ಮುಗಿಯಿತು. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಪಕ್ಕದ ಗೋಡೆ ಬಿರಿದಿದ್ದರೆ ಅಥವಾ ಉಬ್ಬಿದ್ದರೆ ಗೆರೆ ಎಷ್ಟೇ ಇರಲಿ, ಬದಲಿಸಬೇಕು. ಅದೇ ಗೋಡೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಗಾಳಿಯನ್ನು ಟೈರು ತಣ್ಣಗಿದ್ದಾಗಲೇ ಅಳೆಯಬೇಕು. ಇರಬೇಕಾದ ಪ್ರಮಾಣ ಚಾಲಕನ ಬಾಗಿಲಿನ ಬಳಿ ಬರೆದಿರುತ್ತದೆ, ಪಂಕ್ಚರ್ ಅಂಗಡಿಯ ಹುಡುಗನ ಮನಸ್ಸಿನಲ್ಲಲ್ಲ. ಡಿಕ್ಕಿಯಡಿಯ ಸ್ಟೆಪ್ನಿಗೆ ಐದನೆಯ ಲಿಂಬೆ ಸಲ್ಲುವ ಪದ್ಧತಿ ಇಲ್ಲದ್ದರಿಂದ ಅದರ ಗಾಳಿಯನ್ನು ಯಾರೂ ನೋಡುವುದಿಲ್ಲ. ಬೇಕಾದ ರಾತ್ರಿ ಅದೂ ಚಪ್ಪಟೆಯಾಗಿರುತ್ತದೆ.

ಪೋಷಣೆ ಮುಗಿಯುವುದು ಮಾರಾಟದಲ್ಲಿ. ಆಗ ಗಾಡಿಗೆ ಅದುವರೆಗೆ ಇಲ್ಲದ ಗುಣಗಳು ಬರುತ್ತವೆ: ಒಬ್ಬರೇ ಓಡಿಸಿದ್ದು, ಡಾಕ್ಟರ್ ಗಾಡಿ, ಬರೀ ಕಂಪನಿ ಸರ್ವಿಸ್. ಕೊಳ್ಳುವವನು ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ಹೊಗೆ ನೋಡಬೇಕು, ಹಿಂದಿನ ಕಾರ್ಪೆಟ್ ಎತ್ತಿ ಮೂಸಬೇಕು. ಮಾರಿದವನು ರಾಜ್ಯದೊಳಗಿನ ವ್ಯವಹಾರವಾದರೆ 14 ದಿನದೊಳಗೆ, ಕೊಂಡವನು 30 ದಿನದೊಳಗೆ, 29 ಮತ್ತು 30ನೆಯ ನಮೂನೆಗಳ ಮೂಲಕ ಆರ್‌ಟಿಒಗೆ ತಿಳಿಸಿ ಹೆಸರು ಬದಲಾಯಿಸಿಕೊಳ್ಳಬೇಕೆಂಬುದು 1988ರ ಮೋಟಾರು ವಾಹನ ಕಾಯ್ದೆಯ ವಿಧಿ. ಬೀಗರ ನಡುವಿನ ವ್ಯವಹಾರದಲ್ಲಿ ಇದನ್ನು ಕೇಳುವುದು ಮರ್ಯಾದೆಯಲ್ಲವಾದ್ದರಿಂದ, ಹೊಸ ಒಡೆಯ ಹೆದ್ದಾರಿಯಲ್ಲಿ ಜೋರು ಓಡಿಸಿದ ದಂಡದ ಮೆಸೇಜುಗಳು ವರ್ಷಗಟ್ಟಲೆ ಹಳೆಯ ಒಡೆಯನ ಮೊಬೈಲಿಗೇ ಬರುತ್ತಿರುತ್ತವೆ.